ಆರಿಸಿಕೊಂಡವರ ಪಟ್ಟಿ ನಿಮ್ಮ ಕೈಗೆ ಯಾರು ಕೊಟ್ಟರು?

ದೇವರು ಯಾರನ್ನು ಆರಿಸಿಕೊಂಡಿದ್ದಾನೆ, ಯಾರನ್ನು ಬಿಟ್ಟಿದ್ದಾನೆ ಅನ್ನೋ ಪಟ್ಟಿ ಈಗ ಬೀದರ್ ಜಿಲ್ಲೆಯ ಹುಡುಗರ ಮೊಬೈಲಿನಲ್ಲೇ ಸಿಗುತ್ತಂತೆ. ನನಗೆ ಗೊತ್ತಿರಲಿಲ್ಲ. ನಿನ್ನೆ ಗೊತ್ತಾಯಿತು. ರಾತ್ರಿ ನಿದ್ದೆ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ. ಪುರುಸೊತ್ತಿಲ್ಲದವರು ಲೈಕ್ ಒತ್ತಿ ಮುಂದೆ ಹೋಗಿ, ಬೇಜಾರಿಲ್ಲ.

ಹುಮನಾಬಾದ್ ಕಡೆ ಒಂದು ಹಳ್ಳಿಯಲ್ಲಿ ಮೂರನೇ ದಿನದ ಪ್ರಾರ್ಥನೆ ಇತ್ತು. ತೀರಿಕೊಂಡವರು ದೂರದ ಸಂಬಂಧ, ನನಗೆ ಮಾವ ಆಗಬೇಕು. ಗೌಂಡಿ ಕೆಲಸ. ಕುಡಿತ ಇತ್ತು. ಬಿಟ್ಟರು, ಮತ್ತೆ ಹಿಡಿದರು. ಸಭೆಯ ಮುಂದೆ ನಿಂತು ಅತ್ತರು, ಮತ್ತೆ ಹಿಡಿದರು. ಲಿವರ್ ಹೋಯಿತು, ಮನುಷ್ಯ ಹೋದರು. ನಮ್ಮ ಕಡೆ ಇಂಥ ಸಾವು ಹೊಸದೇನಲ್ಲ, ನಿಮಗೆಲ್ಲ ಗೊತ್ತೇ ಇದೆ.

ವಾಕ್ಯ ಹೇಳೋಕೆ ಒಬ್ಬ ಹುಡುಗ ಬಂದಿದ್ದ. ಹೈದರಾಬಾದಿನಲ್ಲಿ ಯಾವುದೋ ಬೈಬಲ್ ಕೋರ್ಸ್ ಮುಗಿಸಿದ್ದಾನಂತೆ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಸತ್ಯವೇದ ಮೊಬೈಲಿನಲ್ಲಿ. ಪ್ರಾರ್ಥನೆ ಮುಗಿದು ಸ್ಟೀಲ್ ಲೋಟದಲ್ಲಿ ಚಹಾ ಬಂತು. ಅತ್ತೆ ಗೋಡೆಗೆ ಒರಗಿ ಕೂತಿದ್ದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಸುತ್ತುತ್ತಲೇ ಕೇಳಿದರು: "ತಮ್ಮಾ, ಖರೇ ಹೇಳು. ನಮ್ಮವರು ದೇವರ ಹತ್ರ ಹೋಗ್ಯಾರಾ?"

ಹುಡುಗ ಒಂದು ಗುಟುಕು ಚಹಾ ಕುಡಿದು ಹೇಳಿದ: "ಆರಿಸಿಕೊಂಡವರು ಕೊನೀತನಾ ನಿಲ್ತಾರ ಅಮ್ಮ. ನಿಲ್ಲಲಿಲ್ಲ ಅಂದ್ರ ಮೊದಲೇ ಆರಿಸಿದ್ದಿಲ್ಲ ಅಂತ ಅರ್ಥ."

ಅಷ್ಟೇ. ಮಳೆ ಬರಲಿಲ್ಲ ಅಂದಷ್ಟು ಸಲೀಸಾಗಿ ಹೇಳಿದ. ಅತ್ತೆಯ ಬೆರಳು ನಿಂತಿತು. ಪುಣ್ಯಕ್ಕೆ ಸಭೆಯ ಹಿರಿಯರೊಬ್ಬರು "ಊಟಕ್ಕ ಏಳ್ರಿ, ಊಟಕ್ಕ ಏಳ್ರಿ" ಅಂತ ಕೂಗಿದರು. ಅವತ್ತಿನ ಒಳ್ಳೆಯ ಪ್ರಸಂಗ ಅದೇ.

ಪಂಚಾಯಿತಿಯಲ್ಲಿ ಫಲಾನುಭವಿಗಳ ಪಟ್ಟಿ ಓದುತ್ತಾರಲ್ಲ, ನೋಡಿದ್ದೀರಿ. ಓದುವವನ ಹೆಸರು ಯಾವತ್ತಾದರೂ ಬಿಟ್ಟುಹೋಗಿದ್ದು ಉಂಟಾ? ಈ ಆರಿಸಿಕೊಳ್ಳುವಿಕೆಯ ಬೋಧನೆಯಲ್ಲೂ ನನಗೆ ಕಾಣುವುದು ಅದೇ. "ದೇವರು ನನ್ನನ್ನು ಆರಿಸಿಲ್ಲ, ನಾನು ನರಕದ ಪಾಲು, ಅವನ ಚಿತ್ತಕ್ಕೆ ಸ್ತೋತ್ರ" ಅಂತ ಸಾಕ್ಷಿ ಹೇಳಿದ ಒಬ್ಬ ಮನುಷ್ಯನನ್ನೂ ನಾನು ನೋಡಿಲ್ಲ. ಬಿಟ್ಟುಹೋದವರು ಯಾವಾಗಲೂ ಬೇರೆಯವರೇ. ಕುಡುಕ ಗೌಂಡಿ, ಓಡಿಹೋದ ಮಗಳು, ಪಕ್ಕದ ಮನೆಯ ಲಿಂಗಾಯತರು.

ಊಟದ ಹೊತ್ತಿಗೆ ನಾನು ಸುಮ್ಮನಿರಲಿಲ್ಲ. ನನ್ನ ಸ್ವಭಾವ ಗೊತ್ತಲ್ಲ ನಿಮಗೆ. ಹುಡುಗ ನಗುತ್ತಾ ಹೇಳಿದ: "ಆಂಟಿ, ಮೆಥೋಡಿಸ್ಟರಿಗೆ ಡಾಕ್ಟ್ರಿನ್ ಇಲ್ಲ. ಬರೀ ಫೀಲಿಂಗ್." ನಾನು ಮೆಥೋಡಿಸ್ಟ್ ಪಂಗಡದವಳು. ಆಂಟಿ ಅಂದಿದ್ದನ್ನು ಕ್ಷಮಿಸಿದ್ದೇನೆ. ಎರಡನೆಯದನ್ನು ಕ್ಷಮಿಸುವುದಿಲ್ಲ. ಆಮೇಲೆ ಮೊಬೈಲಿನಲ್ಲಿ ಟ್ಯುಲಿಪ್ ಹೂವಿನ ಚಿತ್ರ ತೋರಿಸಿದ. ಐದು ಎಸಳು, ಐದು ಸಿದ್ಧಾಂತ, ಹೂವಿನ ಇಂಗ್ಲಿಷ್ ಹೆಸರಿನ ಒಂದೊಂದು ಅಕ್ಷರಕ್ಕೆ ಒಂದೊಂದು. ಮನುಷ್ಯ ಪೂರ್ತಿ ಕೆಟ್ಟವನು, ಆಯ್ಕೆಗೆ ಷರತ್ತಿಲ್ಲ, ಕ್ರಿಸ್ತ ಸತ್ತದ್ದು ಆರಿಸಿಕೊಂಡವರಿಗೆ ಮಾತ್ರ, ಕೃಪೆಯನ್ನು ತಡೆಯೋಕಾಗಲ್ಲ, ಆರಿಸಿಕೊಂಡವರು ಬೀಳಲ್ಲ. ಬೀದರಿನ ಬಿಸಿಲಿಗೆ ಟ್ಯುಲಿಪ್!

ತಮ್ಮಾ, ಆ ಹೂವಿನ ಕತೆ ನನಗೂ ಗೊತ್ತು. ಅರ್ಮಿನಿಯಸ್ ಅಂತ ಒಬ್ಬ ಹಾಲೆಂಡಿನ ಪ್ರೊಫೆಸರ್. ಈ ಆಯ್ಕೆಯ ಬೋಧನೆಗೆ ಹೆಸರಾದ ಕಾಲ್ವಿನ್ ಇದ್ದನಲ್ಲ, ಜಿನೀವಾದಲ್ಲಿ ಅವನ ಉತ್ತರಾಧಿಕಾರಿ ಬೆಜಾನ ಹತ್ತಿರವೇ ಓದಿದವನು. ಕೃಪೆ ಎಲ್ಲರಿಗೂ ಇದೆ, ಮನುಷ್ಯ ಅದನ್ನು ಬೇಡ ಅನ್ನಲೂಬಹುದು ಅನ್ನುವ ಕಡೆಗೆ ವಾಲಿದ. 1609ರಲ್ಲಿ ತೀರಿಕೊಂಡ. ಮರುವರ್ಷ ಅವನ ಕಡೆಯವರು ಐದು ಅಂಶ ಬರೆದು ಕೊಟ್ಟರು. ಅದಕ್ಕೆ ಉತ್ತರ ಕೊಡೋಕೆ ಡೋರ್ಟ್ ಅನ್ನೋ ಊರಲ್ಲಿ 1618ರಿಂದ 1619ರವರೆಗೆ ದೊಡ್ಡ ಸಭೆ ಕೂತಿತು. ಹುಡುಗನ ಐದು ಎಸಳಿನ ಬೇರು ಅಲ್ಲಿದೆ. ಎಸಳು ತೋರಿಸುವವರು ಮುಂದಿನ ಕತೆ ಹೇಳುವುದಿಲ್ಲ. ಅರ್ಮಿನಿಯಸ್ ಕಡೆಯ ಸುಮಾರು 200 ಸಭಾಪಾಲಕರ ಕೆಲಸ ಹೋಯಿತು. ಓಲ್ಡನ್‌ಬಾರ್ನೆವೆಲ್ಟ್ ಅನ್ನುವ 71 ವರ್ಷದ ಮುತ್ಸದ್ದಿ ಅರ್ಮಿನಿಯಸ್ ಕಡೆಯವರ ಬೆನ್ನಿಗೆ ನಿಂತಿದ್ದ. ಅವನ ತಲೆಯನ್ನು 1619ರ ಮೇ 13ರಂದು ಹೇಗ್ ನಗರದಲ್ಲಿ ಕತ್ತರಿಸಿದರು. ಗ್ರೋಷಿಯಸ್ ಅನ್ನುವ ಪಂಡಿತನಿಗೆ ಜೀವಾವಧಿ ಜೈಲು. ಅವನು 1621ರಲ್ಲಿ ಪುಸ್ತಕದ ಪೆಟ್ಟಿಗೆಯೊಳಗೆ ಅಡಗಿ ತಪ್ಪಿಸಿಕೊಂಡ, ಹೆಂಡತಿಯ ಉಪಾಯ. (ಹೆಂಡತಿ ಇಲ್ಲದಿದ್ದರೆ ಈ ಪಂಡಿತರ ಗತಿ ಏನಾಗುತ್ತಿತ್ತೋ.) ಇದರಲ್ಲಿ ರಾಜಕೀಯ ಇತ್ತು, ಅಧಿಕಾರದ ಜಗಳ ಇತ್ತು, ಒಪ್ಪುತ್ತೇನೆ. ಆದರೂ ಎಲ್ಲವೂ ಮೊದಲೇ ನಿರ್ಧಾರ ಆಗಿದೆ ಅನ್ನುವವರಿಗೆ ಕತ್ತಿಯ ಅವಸರ ಯಾಕೆ ಬಿತ್ತು?

ಇನ್ನು ಡಾಕ್ಟ್ರಿನ್ ಇಲ್ಲದ ಮೆಥೋಡಿಸ್ಟರು. ನಮ್ಮ ಪಂಗಡ ಶುರು ಮಾಡಿದ ಜಾನ್ ವೆಸ್ಲಿ 1739ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಇದೇ ವಿಷಯದ ಮೇಲೆ ಪ್ರಸಂಗ ಮಾಡಿದ. ಕೃಪೆ ಎಲ್ಲರಲ್ಲಿ, ಎಲ್ಲರಿಗಾಗಿ, ಪುಕ್ಕಟೆ ಅಂದ. ಅದರಿಂದ ಆಯ್ಕೆಯ ಬೋಧನೆ ಹಿಡಿದಿದ್ದ ಜೊತೆಗಾರ ವಿಟ್‌ಫೀಲ್ಡ್ ದೂರವಾದ. 1778ರಲ್ಲಿ ವೆಸ್ಲಿ ಒಂದು ಪತ್ರಿಕೆ ಶುರು ಮಾಡಿದಾಗ ಅದಕ್ಕೆ ಅರ್ಮಿನಿಯಸ್ ಹೆಸರನ್ನೇ ಇಟ್ಟ. ಗೆಳೆಯನನ್ನು ಕಳೆದುಕೊಂಡು ಹಿಡಿದ ಮಾತನ್ನು ಈ ಹುಡುಗ ಫೀಲಿಂಗ್ ಅನ್ನುತ್ತಾನೆ.

ಸರಿ, ವೆಸ್ಲಿ ಬೇಡ. ನಿನ್ನ ಕಾಲ್ವಿನ್ನನನ್ನೇ ತೆಗೆದುಕೋ. ದೇವರ ಈ ತೀರ್ಮಾನ ಭಯಂಕರವಾದದ್ದು, ಒಪ್ಪಿಕೊಳ್ಳುತ್ತೇನೆ ಅಂತ ಅವನೇ ಬರೆದಿದ್ದಾನೆ. ಈ ವಿಷಯದಲ್ಲಿ ಕುತೂಹಲಕ್ಕೆ ಕೈ ಹಾಕಿದವನು ಹೊರಬರಲಾಗದ ಜಟಿಲ ದಾರಿಗೆ ಬೀಳುತ್ತಾನೆ ಅಂತ ಎಚ್ಚರಿಸಿದ್ದಾನೆ. ಡೋರ್ಟ್ ಸಭೆಯ ಬರಹವನ್ನೇ ತೆಗೆದುಕೋ. ಎಳೆಯ ಮಗು ತೀರಿಕೊಂಡರೆ ಭಕ್ತಿಯುಳ್ಳ ತಂದೆತಾಯಿ ಆ ಮಗುವಿನ ಆಯ್ಕೆ, ರಕ್ಷಣೆಯನ್ನು ಅನುಮಾನಿಸಬಾರದು ಅಂತ ಅದರಲ್ಲಿದೆ. ಇನ್ನೂ ಕರೆಯದವರಿಗಾಗಿ ಪ್ರಾರ್ಥಿಸಿ, ಅವರ ಮುಂದೆ ಸೊಕ್ಕು ಮಾಡಬೇಡಿ ಅಂತಲೂ ಇದೆ. ಅಂಥ ಕಟ್ಟುನಿಟ್ಟಿನ ಡಚ್ಚರಿಗೂ ಸಾವಿನ ಮನೆಯಲ್ಲಿ ಹೇಗಿರಬೇಕು ಅನ್ನೋದು ಗೊತ್ತಿತ್ತು. ಬರೆದವನೇ ಭಯಂಕರ ಅಂದ ಮಾತನ್ನು ಇವನು ಚಹಾದ ಜೊತೆ ಹೇಳಿದ.

ನನ್ನ ಸಿಟ್ಟಿಗೆ ಇನ್ನೂ ಒಂದು ಕಾರಣ ಇದೆ. ಅದು ಹಾಲೆಂಡಿನದಲ್ಲ, ನಮ್ಮ ಓಣಿಯದು.

ನಮ್ಮಜ್ಜಿ ಬಾವಿಯ ಹತ್ತಿರ ಹೋಗುವ ಹಾಗಿರಲಿಲ್ಲ. ಕೊಡ ಇಟ್ಟು ದೂರ ನಿಲ್ಲಬೇಕು. ಯಾರಾದರೂ ಮನಸ್ಸು ಬಂದು ಮೇಲಿಂದ ಸುರಿದರೆ ನೀರು. ಯಾಕೆ ಹೀಗೆ ಅಂತ ಕೇಳಿದರೆ ಊರಿನ ಉತ್ತರ ಒಂದೇ: ಹಣೆಬರಹ. ನೀನು ಹುಟ್ಟುವ ಮುಂಚೆಯೇ ಬರೆದದ್ದು. ಮುಸ್ಲಿಂ ಓಣಿಯಲ್ಲಿ ನಸೀಬ್ ಅನ್ನುತ್ತಿದ್ದರು, ಅರ್ಥ ಅದೇ. ನಮ್ಮ ನಾಡಿನ ಮಧ್ವಾಚಾರ್ಯರಂತೂ ಜೀವಗಳಲ್ಲೇ ಮೂರು ಬಗೆ ಮಾಡಿದರು. ಮುಕ್ತಿಗೆ ಯೋಗ್ಯರು, ಸಂಸಾರದಲ್ಲೇ ಸುತ್ತುವವರು, ಕತ್ತಲಿಗೇ ಹೋಗುವವರು. ಅದಕ್ಕೇ ಹೇಳಿದ್ದು, ಹುಡುಗನ ಹೊಸ ಬೋಧನೆ ನಮಗೆ ಹೊಸದಲ್ಲ. ಬಸವಣ್ಣನವರ ಕಲ್ಯಾಣ ಇರುವ ಜಿಲ್ಲೆಯಲ್ಲಿ ಕೂತು, ಹುಟ್ಟಿನಿಂದಲೇ ಮನುಷ್ಯನ ಬೆಲೆ ಕಟ್ಟುವ ಮಾತನ್ನು ನಾವು ಇನ್ನೆಷ್ಟು ಸಲ ಕೇಳಬೇಕು?

ಅಜ್ಜಿಗೆ ಓದು ಬರುತ್ತಿರಲಿಲ್ಲ. ಮಿಷನ್ನಿನವರು ಹೇಳಿದ್ದರಲ್ಲಿ ಅವರು ಹಿಡಿದುಕೊಂಡಿದ್ದು ಒಂದೇ ಮಾತು, ಯೋಹಾನ ಮೂರು ಹದಿನಾರರ "ಯಾರಾದರೂ ನಂಬಿದರೆ" ಅನ್ನುವುದು. "ಯಾರಾದರೂ ಅಂದ್ರ ನಾನೂ ಬಂದೆ ಅಲ್ಲೇನವ್ವ" ಅನ್ನುತ್ತಿದ್ದರು. ಆ ಬಾಗಿಲಿನಿಂದ ನಾವು ಒಳಗೆ ಬಂದವರು. ಈಗ ಅಜ್ಜಿಯ ಮೊಮ್ಮಕ್ಕಳ ಕಾಲಕ್ಕೆ ಬಂದು, "ಯಾರಾದರೂ ಅಂದರೆ ಎಲ್ಲರೂ ಅಲ್ಲ, ಆರಿಸಿದವರಲ್ಲಿ ಯಾರಾದರೂ" ಅಂತ ವ್ಯಾಖ್ಯಾನ ಮಾಡುತ್ತೀರಿ. ಹಳೆಯ ಹಣೆಬರಹಕ್ಕೆ ಹೊಸ ರಟ್ಟು ಹಾಕಿ ನಮಗೇ ಮಾರುತ್ತೀರಾ?

ಹುಡುಗ ಇದಕ್ಕೆ ಉತ್ತರ ಕೊಟ್ಟ, ಕೊಡಲಿಲ್ಲ ಅಂದರೆ ಅನ್ಯಾಯ. "ಜಾತಿ ಬೇರೆ, ಇದು ಬೇರೆ ಆಂಟಿ. ದೇವರು ಆರಿಸೋದಕ್ಕ ಕುಲ ನೋಡಲ್ಲ, ಪುಣ್ಯ ನೋಡಲ್ಲ. ನಮ್ಮ ಕಡಿಂದ ಏನೂ ಬೇಕಿಲ್ಲ. ಆಯ್ಕೆ ನಮ್ಮ ಕೈಯಾಗ ಇದ್ರ, ನಾ ಆರಿಸ್ಕೊಂಡೆ ಅಂತ ನಾವು ಮೀಸಿ ತಿರುವಲ್ಲೇನು?" ರೋಮಾಪುರದವರಿಗೆ ಬರೆದ ಪತ್ರದ 9ನೇ ಅಧ್ಯಾಯ ತೆಗೆದ. ಹುಟ್ಟುವ ಮುಂಚೆಯೇ ದೇವರು ಆರಿಸಿಕೊಂಡ ಯಾಕೋಬ, ಬಿಟ್ಟ ಏಸಾವ, ಮಣ್ಣಿನಿಂದ ತನಗೆ ಬೇಕಾದ್ದನ್ನು ಮಾಡುವ ಕುಂಬಾರ.

ಮಾತು ಚೆನ್ನಾಗಿದೆ. ಆದರೆ ಮೀಸೆ ತಿರುವುತ್ತಿದ್ದವನು ಅವನೇ. ಪುಣ್ಯದ ಜಂಬ ಬೇಡ ಅಂದವನು ಆಯ್ಕೆಯ ಜಂಬ ತಂದ. ಅಲ್ಲದೆ, ಮನುಷ್ಯ ತನ್ನ ಬಲದಿಂದ ಗೆಲ್ಲುತ್ತಾನೆ ಅಂತ ವೆಸ್ಲಿ ಎಲ್ಲಿ ಹೇಳಿದ? ಅವನೂ ಮನುಷ್ಯ ಪೂರ್ತಿ ಕೆಟ್ಟಿದ್ದಾನೆ ಅಂದವನೇ. ನಾವು ಕೇಳುವ ಮುಂಚೆಯೇ, ಬಯಸುವ ಮುಂಚೆಯೇ ಕೃಪೆ ಎಲ್ಲರ ಹತ್ತಿರ ಬಂದಿರುತ್ತದೆ, ಹೂಂ ಅನ್ನುವ ಶಕ್ತಿಯನ್ನೂ ಅದೇ ಕೊಡುತ್ತದೆ ಅಂದ. ಹೂಂ ಅಂದದ್ದಕ್ಕೆ ಜಂಬ ಪಡಲು ಏನಿದೆ?

ಇಲ್ಲಿ ಒಂದು ವಿಷಯ ಹೇಳಬೇಕು. ಹತ್ತಿರದವರಿಗೆ ಮಾತ್ರ ಗೊತ್ತು. ನನ್ನ ತಮ್ಮ ಯಾಕೆ ಹೋದ ಅಂತ. ಅವನಿಗೂ ಇದೇ ಕುಡಿತದ ಕಾಯಿಲೆ. ಬೆಳಿಗ್ಗೆ ಹಲ್ಲುಜ್ಜುವ ಬ್ರಶ್ಶಿಗೆ ಪೇಸ್ಟ್ ಹಾಕಿಕೊಳ್ಳಲು ಆಗುತ್ತಿರಲಿಲ್ಲ, ಕೈ ಅಷ್ಟು ನಡುಗುತ್ತಿತ್ತು. ನಾನೇ ಹಾಕಿ ಕೊಡುತ್ತಿದ್ದೆ. ಆಗ ಸಭೆಯಲ್ಲಿ ಬೇರೆ ಥರದ ಜನ ಇದ್ದರು. "ಮನಸ್ಸು ಮಾಡಿದ್ರ ಬಿಡಬಹುದವ್ವ, ಅವನಿಗೇ ಮನಸ್ಸಿಲ್ಲ" ಅನ್ನುವವರು. ಅವರ ಮೇಲೂ ನನಗೆ ಇಷ್ಟೇ ಸಿಟ್ಟು. ಮನಸ್ಸು ಮಾಡುವ ಮನಸ್ಸೇ ಸೆರೆ ಸಿಕ್ಕಿರುವುದನ್ನು ನಾನು ಮನೆಯಲ್ಲಿ ನೋಡಿದ್ದೇನೆ. ಬಯಸಿದ ಒಳ್ಳೆಯದನ್ನು ಮಾಡುವುದಿಲ್ಲ, ಬಯಸದ ಕೆಟ್ಟದ್ದನ್ನೇ ಮಾಡುತ್ತೇನೆ ಅಂತ ಪತ್ರ ಬರೆದ ಪೌಲನೇ ಗೋಳಾಡಿದ್ದಾನೆ, ಅದೇ ರೋಮಾಪುರದ ಪತ್ರದ 7ನೇ ಅಧ್ಯಾಯದಲ್ಲಿ. ಪೆಲಾಗಿಯಸ್ ಅನ್ನುವ ಸನ್ಯಾಸಿ ಮನುಷ್ಯ ಪ್ರಯತ್ನಪಟ್ಟರೆ ಪಾಪ ಮಾಡದೇ ಇರಬಹುದು ಅಂದಾಗ ಹಳೆಯ ಕಾಲದ ಬಿಷಪ್ ಆಗಸ್ಟೀನ್ ಅಷ್ಟು ಉರಿದುಬಿದ್ದದ್ದು, 418ರಲ್ಲಿ ಕಾರ್ತೇಜಿನ ಸಭೆ ಆ ಬೋಧನೆಯನ್ನು ಖಂಡಿಸಿದ್ದು, ಎಲ್ಲ ನನಗೆ ಪುಸ್ತಕದಿಂದ ಅರ್ಥವಾಗಲಿಲ್ಲ. ಆ ಬ್ರಶ್ಶಿನಿಂದ ಅರ್ಥವಾಯಿತು.

ಅದಕ್ಕೇ ಹೇಳ್ತೀನಿ, ಇಚ್ಛೆ ಪೂರ್ತಿ ಸ್ವತಂತ್ರ ಅನ್ನುವವರ ಪಾರ್ಟಿ ನಂದಲ್ಲ. ಎಲ್ಲವೂ ದೇವರ ಕೈಯಲ್ಲಿರಲಿ, ತಮ್ಮನ ಆ ನಡುಗುವ ಕೈಯಲ್ಲಿ ಮಾತ್ರ ಬೇಡ ಅಂತ ನಾನೂ ಬೇಡಿಕೊಂಡವಳು. ಆದರೆ ಅದನ್ನು ಬೇಡಿಕೊಂಡದ್ದು ತಮ್ಮ ಒಳಗೆ ಬರಲಿ ಅಂತ. ಬಾಗಿಲು ಹಾಕೋಕೆ ಅಲ್ಲ.

ಇದೆಲ್ಲ ಮುಗಿಯದ ಜಗಳ ಅಂತ ಹೇಳುವವರಿಗೆ ಒಂದು ಸುದ್ದಿ. ರಕ್ಷಣೆ ಕೃಪೆಯಿಂದಲೇ, ನಮ್ಮ ಅರ್ಹತೆಯಿಂದಲ್ಲ ಅಂತ ಲೂಥರನ್ನರು, ಕ್ಯಾಥೊಲಿಕರು ಕೂಡಿ 1999ರಲ್ಲಿ ಆಗ್ಸ್‌ಬರ್ಗಿನಲ್ಲಿ ಸಹಿ ಹಾಕಿದರು. 2006ರಲ್ಲಿ ಸಿಯೋಲಿನಲ್ಲಿ ಮೆಥೋಡಿಸ್ಟರೂ ಸೇರಿದರು. ಎಲ್ಲ ಭಿನ್ನಾಭಿಪ್ರಾಯ ಹೋಯಿತು ಅಂತ ಅಲ್ಲ. ನಮ್ಮ ಪುಲ್ಪಿಟ್ಟುಗಳಿಂದ ಈ ಸುದ್ದಿ ಕೇಳಿದವರು ಯಾರಾದರೂ ಇದ್ದರೆ ತಿಳಿಸಿ, ನಾನಂತೂ ಕೇಳಿಲ್ಲ. ವಿಟ್‌ಫೀಲ್ಡ್ 1770ರಲ್ಲಿ ತೀರಿಕೊಂಡಾಗ ಲಂಡನಿನಲ್ಲಿ ಅವನ ನೆನಪಿನ ಪ್ರಸಂಗ ಮಾಡಿದ್ದು ಇದೇ ವೆಸ್ಲಿ. ಜಗಳ ಇಟ್ಟುಕೊಂಡೂ ಸತ್ತವರ ಬಗ್ಗೆ ಹೇಗೆ ಮಾತಾಡಬೇಕು ಅನ್ನೋದಕ್ಕೆ ಪಾಠ ಬೇಕಾದವರು ಅದನ್ನು ಓದಬಹುದು.

ಸಂಜೆ ಪಾತ್ರೆ ತೊಳೆಯುವಾಗ ಅತ್ತೆ ಅದೇ ಪ್ರಶ್ನೆಯನ್ನು ನನಗೆ ಕೇಳಿದರು. ನಾನು ಪಾಸ್ಟರ್ ಅಲ್ಲ, ಗಣಿತ ಟೀಚರ್. "ಅತ್ತೆ, ಮಾವ ಸಭೆಯ ಮುಂದೆ ಅತ್ತಿದ್ದು ನೆನಪಿದೆಯಾ? ಸುಮ್ನೆ ತಮ್ಮ ಪಾಡಿಗೆ ಯಾರೂ ಹಂಗ ಅಳಲ್ಲ. ಯಾರೋ ಒಳಗಿಂದ ಜಗ್ಗಬೇಕು. ಜಗ್ಗಿದವನು ಕೈ ಬಿಡ್ತಾನಾ?" ಅಂದೆ. ಅವರು "ಎರಡು ಸಲ ಅತ್ತಾರವ್ವ" ಅಂದರು. ಆಮೇಲೆ ಉಳಿದ ಅನ್ನ ಯಾರ ಮನೆಗೆ ಕೊಡೋದು ಅನ್ನೋ ಮಾತಿಗೆ ಹೋದೆವು.

ಹುಡುಗ ನನ್ನ ಫ್ರೆಂಡ್ ಲಿಸ್ಟಿನಲ್ಲಿಲ್ಲ, ಆದರೆ ಅವನ ಗೆಳೆಯರಿದ್ದೀರಿ. ಧಾರಾಳವಾಗಿ ತೋರಿಸಿ. ಕಾಮೆಂಟಿನಲ್ಲಿ ರೋಮಾಪುರ 9 ಕಳಿಸುವವರು ದಯವಿಟ್ಟು 11ನೇ ಅಧ್ಯಾಯದ 32ನೇ ವಚನದವರೆಗೂ (ದೇವರು ಎಲ್ಲರಿಗೂ ಕರುಣೆ ತೋರಿಸುವ ಮಾತು ಅಲ್ಲಿದೆ) ಓದಿಕೊಂಡು ಬನ್ನಿ, ಪೌಲ 9ಕ್ಕೇ ಪೆನ್ನು ಕೆಳಗಿಟ್ಟಿಲ್ಲ. ಅರ್ಧಕ್ಕೆ ನಿಲ್ಲಿಸಿ ಕಳಿಸಿದರೆ ಡಿಲೀಟ್ ಮಾಡುತ್ತೇನೆ. ಅದು ಮಾತ್ರ ಮೊದಲೇ ನಿರ್ಧಾರ ಆಗಿದೆ.