ಚಿಕ್ಕಪ್ಪ ವಿಸಿಪಿಗೆ ಕೊಟ್ಟ ಏಟು

1986ರ ಬೇಸಿಗೆ ರಜೆ. ಮದ್ದೂರಿನ ಹತ್ತಿರದ ನಮ್ಮ ಊರಿಗೆ ಚಿಕ್ಕಪ್ಪ ಒಂದು ರಾತ್ರಿಯ ಬಾಡಿಗೆಗೆ ಕಲರ್ ಟಿವಿ, ವಿಡಿಯೊ ಕ್ಯಾಸೆಟ್ ಓಡಿಸುವ ವಿಸಿಪಿ ಯಂತ್ರ, ಮೂರು ಕ್ಯಾಸೆಟ್ ತಂದಿದ್ದರು. ಆ ಕಾಲ ಕಂಡವರಿಗೆ ಕ್ರಮ ಗೊತ್ತು: ಮೊದಲು ಮನೆಮಂದಿಗೆಲ್ಲ ಒಂದು ರಾಜ್‌ಕುಮಾರ್ ಸಿನಿಮಾ, ನಡುವೆ ಒಂದು ಹಿಂದಿ, ಅರ್ಧ ಊರು ಜಗುಲಿಯ ಮೇಲೆ ಗೊರಕೆ ಹೊಡೆಯುವ ಹೊತ್ತಿಗೆ ಒಂದು ಇಂಗ್ಲಿಷ್. ಮೂರನೆಯದಕ್ಕೆ ಎಚ್ಚರವಾಗಿ ಉಳಿದವರು ನಾಲ್ಕೈದು ಮಂದಿ. ಅವರಲ್ಲಿ ಹದಿಮೂರು ವರ್ಷದ ನಾನೂ ಒಬ್ಬ. ಮಲಗು ಎಂದು ಗದರಬೇಕಾದವರೆಲ್ಲ ತಾವೇ ಮಲಗಿಬಿಟ್ಟಿದ್ದರು.

ಪರದೆಯ ತುಂಬ ಹಿಮ. ಹಳದಿ ಉಡುಪಿನವನೊಬ್ಬ ಬೆನ್ನಿಗೆ ಕೆಂಪು ಚೀಲ ಕಟ್ಟಿಕೊಂಡು ಸ್ಕೀಗಳ, ಅಂದರೆ ಕಾಲಿಗೆ ಕಟ್ಟುವ ಉದ್ದನೆಯ ಹಲಗೆಗಳ, ಮೇಲೆ ಜಾರುತ್ತಿದ್ದಾನೆ. ಹಿಂದೆ ಬಂದೂಕಿನವರು. ಸಂಗೀತ ಅಬ್ಬರಿಸುತ್ತಿದೆ. ಮುಂದೆ ನೆಲ ಮುಗಿಯುತ್ತದೆ, ಅವನು ನಿಲ್ಲುವುದಿಲ್ಲ. ಬಂಡೆಯ ಅಂಚು ದಾಟಿ ಬರಿಯ ಗಾಳಿಗೆ ಹೋಗಿಬಿಡುತ್ತಾನೆ. ಆ ಕ್ಷಣಕ್ಕೆ ಸರಿಯಾಗಿ, ಕುಡುಗೋಲಿನಿಂದ ಕೊಯ್ದ ಹಾಗೆ, ಸಂಗೀತ ನಿಂತಿತು.

ಚಿಕ್ಕಪ್ಪ ಎದ್ದರು. ಪಂಪ್‌ಸೆಟ್ ಮೋಟಾರುಗಳನ್ನು ರಿವೈಂಡಿಂಗ್ ಮಾಡಿ ಪಳಗಿದ ಕೈ ಅವರದು. ಕೆಟ್ಟ ಯಂತ್ರಕ್ಕೆ ಮೊದಲ ಔಷಧಿ ಏಟು ಎಂದು ನಂಬಿದವರು. ವಿಸಿಪಿಯ ನೆತ್ತಿಗೆ ಅಂಗೈಯಿಂದ ಒಂದು ಬಿಟ್ಟರು. ಪರದೆಯ ಮೇಲೆ ಬಿಳಿ ಗೆರೆಗಳು ಹಾದುಹೋದವು, ಶಬ್ದ ಬರಲಿಲ್ಲ. ಮನುಷ್ಯ ಮಾತ್ರ ಬೀಳುತ್ತಲೇ ಇದ್ದ. ಸ್ಕೀಗಳು ಕಾಲಿನಿಂದ ಕಳಚಿಕೊಂಡವು. ಅವನು ಗಾಳಿಯಲ್ಲಿ ಕೈಕಾಲು ಚಾಚಿ ಇನ್ನೂ ಬೀಳುತ್ತಿದ್ದ. ಚಿಕ್ಕಪ್ಪ ಎರಡನೇ ಏಟಿಗೆ ಕೈ ಎತ್ತಿದ್ದರು. ಅಷ್ಟರಲ್ಲಿ ಪ್ಯಾರಾಚೂಟ್ ಬಿಚ್ಚಿಕೊಂಡಿತು, ಬಾಂಡ್ ಸಂಗೀತ ಮತ್ತೆ ಮೊಳಗಿತು.

"ನೋಡಿದೆಯಾ, ಸರಿಹೋಯಿತು" ಎಂದು ಚಿಕ್ಕಪ್ಪ ಕೂತರು.

ಕೆಟ್ಟದ್ದು ಯಂತ್ರವಲ್ಲ, ಆ ಮೌನ ಬೇಕೆಂದೇ ಇಟ್ಟದ್ದು ಎಂದು ತಿಳಿಯಲು ನನಗೆ ಹತ್ತು ವರ್ಷ ಬೇಕಾಯಿತು. ಸಿನಿಮಾ 'ದಿ ಸ್ಪೈ ಹೂ ಲವ್ಡ್ ಮಿ', 1977ರದು, ರೋಜರ್ ಮೂರ್ ಗೂಢಚಾರ ಜೇಮ್ಸ್ ಬಾಂಡ್ ಆಗಿದ್ದ ಕಾಲದ್ದು. ಆ ವರ್ಷ ಬ್ರಿಟನ್ನಿನ ರಾಣಿ ಸಿಂಹಾಸನವೇರಿದ ಬೆಳ್ಳಿಹಬ್ಬದ ಸಂಭ್ರಮವೂ ನಡೆದಿತ್ತು. ಬಿಚ್ಚಿಕೊಂಡ ಪ್ಯಾರಾಚೂಟಿನ ಮೇಲೆ ಇದ್ದದ್ದು ಬ್ರಿಟಿಷರ ಬಾವುಟ, ಯೂನಿಯನ್ ಜಾಕ್. ನಮ್ಮ ಜಗುಲಿಯಲ್ಲಿ ಅದಕ್ಕೆ ಚಪ್ಪಾಳೆಯೂ ಬಿತ್ತು. ಒಳಗೆ ಮಲಗಿದ್ದ ಅಜ್ಜ 1938ರಲ್ಲಿ ಶಿವಪುರದ ಧ್ವಜ ಸತ್ಯಾಗ್ರಹಕ್ಕೆ ಹೋಗಿ ಬಂದವರು. ಆ ರಾತ್ರಿ ಅವರಿಗೆ ಎಚ್ಚರವಾಗದೆ ಇದ್ದದ್ದು ನಮ್ಮ ಪುಣ್ಯ.

ನನ್ನ ವಯಸ್ಸಿನ ಬಾಂಡ್ ಅಭಿಮಾನಿಗಳು ಇಬ್ಬರು ಸೇರಿದರೆ ಸಾಕು, ಈ ನೆಗೆತದ ಮಾತು ಬಂದೇ ಬರುತ್ತದೆ. ಮಾತು ಮುಗಿಯುವುದು ಒಂದೇ ನಿಟ್ಟುಸಿರಿನಲ್ಲಿ: "ಅದು ನಿಜವಾಗಿ ಹಾರಿದ್ದು ಸ್ವಾಮಿ. ಈಗಿನ ಹಾಗೆ ಹಸಿರು ಬಟ್ಟೆಯ ಮುಂದೆ ನಿಂತು ಹಾರಿದ್ದಲ್ಲ." ನಾನೂ ಬಹಳ ವರ್ಷ ಈ ನಿಟ್ಟುಸಿರು ಬಿಟ್ಟವನೇ. ಈಗ ಬಿಡುವುದಿಲ್ಲ. ಯಾಕೆ ಎಂದು ಹೇಳುವ ಮೊದಲು, ಹಾರಿದವನಿಗೆ ಸಲ್ಲಬೇಕಾದ ಗೌರವ ಸಲ್ಲಿಸಿಬಿಡುತ್ತೇನೆ.

ಹಾರಿದವನು ರಿಕ್ ಸಿಲ್ವೆಸ್ಟರ್ ಎಂಬ ಅಮೆರಿಕನ್. ಬಂಡೆ ಹತ್ತುವವನು, ಸ್ಕೀ ಮಾಡುವವನು. 1972ರಲ್ಲೇ ಕ್ಯಾಲಿಫೋರ್ನಿಯಾದ ಎಲ್ ಕ್ಯಾಪಿಟನ್ ಬಂಡೆಯ ಮೇಲಿನಿಂದ ಸ್ಕೀ ಕಟ್ಟಿಕೊಂಡು ಪ್ಯಾರಾಚೂಟ್ ಸಮೇತ ಜಿಗಿದಿದ್ದ. ಆಮೇಲೆ ಒಂದು ವಿಸ್ಕಿ ಜಾಹೀರಾತಿನಲ್ಲಿ ಅವನು ಕೆನಡಾದ ಅಸ್ಗಾರ್ಡ್ ಪರ್ವತದಿಂದ ಹಾಗೆ ಹಾರುತ್ತಿರುವ ಚಿತ್ರ ಬಂತು. ಬಾಂಡ್ ಸಿನಿಮಾದವರ ಕಣ್ಣಿಗೆ ಅದು ಬಿತ್ತು, ಕರೆಸಿದರು. ಆಗ ಹೊರಬಿದ್ದ ಸಂಗತಿ ಇದು: ಜಾಹೀರಾತಿನ ಅಸ್ಗಾರ್ಡ್ ನೆಗೆತ ನಡೆದೇ ಇರಲಿಲ್ಲ! ಚಿತ್ರ ನಕಲಿ. ಆದರೆ ನಿಜವಾಗಿ ಮಾಡಿ ತೋರಿಸುತ್ತೇನೆ ಎಂದ.

1976ರ ಜುಲೈನಲ್ಲಿ ಹೊರಟರು. ಕತೆಯಲ್ಲಿ ಅದು ಆಸ್ಟ್ರಿಯಾ; ನಿಜವಾದ ಜಾಗ ಉತ್ತರ ಕೆನಡಾದ ಬ್ಯಾಫಿನ್ ದ್ವೀಪ, ಬೇಸಿಗೆಯಲ್ಲೂ ಹಿಮದ ನಾಡು. ಅಸ್ಗಾರ್ಡ್‌ನ ಎತ್ತರ 2,015 ಮೀಟರ್. ಎರಡು ಕಂಬ ನಿಲ್ಲಿಸಿ ತಲೆಯನ್ನು ಗರಗಸದಲ್ಲಿ ಸಪಾಟಾಗಿ ಕೊಯ್ದ ಹಾಗಿದೆ ಅದರ ಆಕಾರ. ಹೆಲಿಕಾಪ್ಟರ್ ಬಿಟ್ಟರೆ ಸಿನಿಮಾ ಸಾಮಾನು ಮೇಲೆ ಸಾಗಿಸಲು ಬೇರೆ ದಾರಿ ಇಲ್ಲ. ಚಿತ್ರೀಕರಣದ ಹೊಣೆ ಹೊತ್ತವರು ಜಾನ್ ಗ್ಲೆನ್. ಮುಂದೆ 1981ರಿಂದ 1989ರವರೆಗೆ ಐದು ಬಾಂಡ್ ಸಿನಿಮಾಗಳನ್ನು ನಿರ್ದೇಶಿಸಿದವರು. ಗಾಳಿ ಬಿಡಲಿಲ್ಲ, ಮೋಡ ಬಿಡಲಿಲ್ಲ. ದಿನಗಟ್ಟಲೆ ಕಾದು ಕೂತರು. ಕೊನೆಗೆ ಆಕಾಶ ಸ್ವಲ್ಪ ಹೊತ್ತು ತೆರೆಯಿತು, ಸಿಲ್ವೆಸ್ಟರ್ ಹಾರಿದ. ಮುಖ್ಯವೆಂದು ನಂಬಿದ್ದ ಕ್ಯಾಮೆರಾ ಅವನನ್ನು ತಪ್ಪಿಸಿಕೊಂಡಿತು. ಇನ್ನೊಂದು ಕ್ಯಾಮೆರಾ ಹಿಡಿದುಕೊಂಡಿತ್ತು. ನಾವು ನೋಡುವುದು ಅದನ್ನು. ಇಡೀ ಸಾಹಸಕ್ಕೆ ಐದು ಲಕ್ಷ ಡಾಲರ್ ಸುರಿದರು, ಹಾರಿದವನಿಗೆ ಬಂದದ್ದು 30,000 ಡಾಲರ್ ಎನ್ನುತ್ತಾರೆ.

ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ. ಪ್ಯಾರಾಚೂಟ್ ಬಿಚ್ಚಿಕೊಳ್ಳುವ ಹೊತ್ತಿಗೆ ಕಳಚಿದ ಸ್ಕೀಗಳಲ್ಲಿ ಒಂದು ಮೇಲಿನಿಂದ ಬಂದು ಬಟ್ಟೆಯನ್ನು ಸವರಿಕೊಂಡು ಹೋಗುತ್ತದೆ. ಕಡ್ಡಿಯಷ್ಟು ಕಾಣುತ್ತದೆ, ಅಷ್ಟೆ. ಅದು ಹಗ್ಗಕ್ಕೆ ಸಿಕ್ಕಿಕೊಂಡಿದ್ದರೆ ಅವನ ಕತೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಇದನ್ನು ಗಮನಿಸಿದ್ದು ನಲವತ್ತು ದಾಟಿದ ಮೇಲೆ. ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಸರಿ, ಇಷ್ಟು ನಿಜವಾದದ್ದಕ್ಕೇ ಅದು ನಮ್ಮನ್ನು ಹಿಡಿದು ಕೂರಿಸುತ್ತದೆಯೇ? ಹಾಗಾದರೆ ಮೂರು ವರ್ಷ ಹಿಂದಕ್ಕೆ ಹೋಗಿ.

1974ರ 'ದಿ ಮ್ಯಾನ್ ವಿತ್ ದಿ ಗೋಲ್ಡನ್ ಗನ್'. ಥಾಯ್ಲೆಂಡಿನಲ್ಲಿ ಒಂದು ಕಾಲುವೆ, ಮುರಿದುಬಿದ್ದ ಸೇತುವೆ. ಬಾಂಡ್ ಕಾರು ಓಡಿಸಿಕೊಂಡು ಬರುತ್ತಾನೆ. ಕಾರು ಹಾರುತ್ತದೆ, ಗಾಳಿಯಲ್ಲಿ ತಿರುಪಿನ ಮೊಳೆಯ ಹಾಗೆ ಪೂರ್ತಿ ಒಂದು ಸುತ್ತು ಉರುಳುತ್ತದೆ, ಆಚೆ ದಡದಲ್ಲಿ ನಾಲ್ಕೂ ಚಕ್ರದ ಮೇಲೆ ಇಳಿಯುತ್ತದೆ. ಇದೂ ನಿಜ. ಅಮೆರಿಕದ ಒಂದು ಪ್ರಯೋಗಾಲಯದಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಲೆಕ್ಕ ಹಾಕಿದ್ದು: ಕಾರಿನ ತೂಕ ಎಷ್ಟಿರಬೇಕು, ವೇಗ ಎಷ್ಟು, ಏರುಹಲಗೆಯ ತಿರುವು ಎಷ್ಟು. ತೂಕ ಎರಡೂ ಕಡೆ ಸಮನಾಗಿರಲೆಂದು ಸ್ಟಿಯರಿಂಗನ್ನು ಕಾರಿನ ನಡುಮಧ್ಯಕ್ಕೆ ತಂದರು. ಓಡಿಸಿದವನು ಬಂಪ್ಸ್ ವಿಲರ್ಟ್. ಒಂದೇ ಸಲಕ್ಕೆ ಕೆಲಸ ಮುಗಿಯಿತು. ಕಂಪ್ಯೂಟರ್ ಎಂದರೆ ಮೂಗು ಮುರಿಯುವ ಗೆಳೆಯರು ಇದನ್ನು ಗಮನಿಸಬೇಕು. ಐವತ್ತು ವರ್ಷದ ಹಿಂದೆಯೇ ಅದು ಸೆಟ್ಟಿಗೆ ಬಂದಿತ್ತು.

ಆದರೆ ಸಿನಿಮಾದಲ್ಲಿ ಆ ಸುತ್ತು ಬರುವಾಗ ಹಿನ್ನೆಲೆಯಲ್ಲಿ ಒಂದು ಸೀಟಿ ಊದಿದ್ದಾರೆ. ಜಾತ್ರೆಯಲ್ಲಿ ಮಕ್ಕಳು ಊದುವ ಪೀಪಿಯ ಹಾಗೆ "ಪೀ..." ಎಂದು ಏರಿ ಇಳಿಯುವ ಶಬ್ದ. ಅಲ್ಲಿಗೆ ಮುಗಿಯಿತು. ಪ್ರಾಣ ಒತ್ತೆಯಿಟ್ಟು ಮಾಡಿದ ಕೆಲಸ ಸರ್ಕಸ್ಸಿನ ಬಫೂನಿನ ಪಲ್ಟಿಯಾಯಿತು. ಸಂಗೀತ ಕೊಟ್ಟ ಜಾನ್ ಬ್ಯಾರಿ ಅವರೇ ಆಮೇಲೆ ಅದಕ್ಕಾಗಿ ಪರಿತಪಿಸಿದರು. ನಾನು ಮೊದಲು ನೋಡಿದಾಗ ಅದನ್ನು ಆಟಿಕೆಯ ಕಾರು ಇಟ್ಟು ತೆಗೆದದ್ದು ಎಂದೇ ತಿಳಿದಿದ್ದೆ.

ಕಾರು ನಿಜ, ಕಾಲುವೆ ನಿಜ, ಸುತ್ತು ನಿಜ, ನಂಬಿಕೆ ಮಾತ್ರ ಹುಟ್ಟಲಿಲ್ಲ. ಅತ್ತ 1977ರ ನೆಗೆತದಲ್ಲಿ ಕಲಬೆರಕೆ ಬೇಕಾದಷ್ಟಿದೆ. ಹಾರಿದವನು ರೋಜರ್ ಮೂರ್ ಅಲ್ಲ. ಅಟ್ಟಿಸಿಕೊಂಡು ಬರುವ ದೃಶ್ಯಗಳನ್ನು ತೆಗೆದದ್ದು ಸ್ವಿಟ್ಜರ್ಲೆಂಡಿನಲ್ಲಿ. ಮೂರ್ ಅವರ ಮುಖ ಹತ್ತಿರದಿಂದ ಕಂಡಾಗಲೆಲ್ಲ ಹಿಂದಿನ ಹಿಮ ಸ್ಟುಡಿಯೋದ ಪರದೆಯ ಮೇಲೆ ಓಡುತ್ತಿದೆ ಎಂದು ಮಗುವಿಗೂ ಗೊತ್ತಾಗುತ್ತದೆ. ಮೂರು ಊರಿನ ಮೂರು ತುಂಡು ಬಟ್ಟೆ ಹೊಲಿದ ಅಂಗಿ ಅದು. ಆದರೂ ಅಂಚು ದಾಟಿದ ಮೇಲಿನ ಆ ಇಪ್ಪತ್ತು ಸೆಕೆಂಡಿನಲ್ಲಿ ಹೊಲಿಗೆ ಕಾಣುವುದಿಲ್ಲ. ಅಲ್ಲಿ ಅವರು ಸುಮ್ಮನಿದ್ದರು. ಮುಖ ತೋರಿಸಲಿಲ್ಲ, ಕಿರುಚಾಟ ಹಾಕಲಿಲ್ಲ, ಐದು ಕೋನಗಳಿಂದ ಐದು ಸಲ ತೋರಿಸಲಿಲ್ಲ. ಒಬ್ಬ ಬೀಳುತ್ತಿದ್ದಾನೆ, ನೋಡಿ ಎಂದು ನಮ್ಮ ಪಾಡಿಗೆ ನಮ್ಮನ್ನು ಬಿಟ್ಟರು.

ನನ್ನ ತಕರಾರು ಇಷ್ಟೇ. ನಾವು ಹಂಬಲಿಸುತ್ತಿರುವುದು ಆ ಸುಮ್ಮನಿರುವಿಕೆಗೆ. ಅದಕ್ಕೆ "ನಿಜವಾದ ಸಾಹಸ" ಎಂಬ ತಪ್ಪು ಹೆಸರಿಟ್ಟುಕೊಂಡಿದ್ದೇವೆ. 1996ರ 'ಮಿಷನ್ ಇಂಪಾಸಿಬಲ್' ಸಿನಿಮಾದಲ್ಲಿ ಟಾಮ್ ಕ್ರೂಸ್ ಹಗ್ಗದಲ್ಲಿ ತೂಗಾಡುತ್ತ ಬಿಳಿಯ ಕೋಣೆಗೆ ಇಳಿಯುವ ದೃಶ್ಯ ನೆನಪಿಸಿಕೊಳ್ಳಿ. ಸದ್ದಾದರೆ ಗಂಟೆ ಹೊಡೆಯುತ್ತದೆ, ನೆಲಕ್ಕೆ ಏನು ತಗುಲಿದರೂ ಹೊಡೆಯುತ್ತದೆ. ಕನ್ನಡಕದ ಗಾಜಿನ ಮೇಲೆ ಒಂದು ಹನಿ ಬೆವರು ಜಾರುತ್ತದೆ. ಬೆಟ್ಟವಿಲ್ಲ, ಗುಂಡಿಲ್ಲ, ಬಿದ್ದರೆ ಕೆಲವೇ ಅಡಿ. ಅಸ್ಗಾರ್ಡ್‌ನಲ್ಲಿ ಹಿಡಿದ ಉಸಿರನ್ನೇ ಇಲ್ಲೂ ಹಿಡಿದಿರುತ್ತೇವೆ. 1995ರ 'ಗೋಲ್ಡನ್ ಐ' ಶುರುವಿನಲ್ಲಿ ಸ್ವಿಟ್ಜರ್ಲೆಂಡಿನ ವರ್ಜಾಸ್ಕಾ ಕಣಿವೆಯ 220 ಮೀಟರ್ ಅಣೆಕಟ್ಟಿನಿಂದ ಸಾಹಸ ಕಲಾವಿದ ವೇಯ್ನ್ ಮೈಕೇಲ್ಸ್ ಕಾಲಿಗೆ ಹಗ್ಗ ಕಟ್ಟಿಕೊಂಡು ಧುಮುಕಿದಾಗಲೂ ಸಂಗೀತದವರು ಬಾಯಿ ಮುಚ್ಚಿಕೊಂಡಿದ್ದರು. ಆಮೇಲೆ 2002ರಲ್ಲಿ ಬಾಂಡ್ ಕಂಪ್ಯೂಟರ್ ಅಲೆಯ ಮೇಲೆ ಪ್ಯಾರಾಚೂಟ್ ಹಿಡಿದು ತೇಲಿದ. ಅದನ್ನು ಬೈಯದ ಅಭಿಮಾನಿ ಇಲ್ಲ. ಬೈಯಲಿ, ನಾನೂ ದನಿಗೂಡಿಸುತ್ತೇನೆ. ಆದರೆ ಅಲ್ಲಿಯೂ ಕಂಪ್ಯೂಟರಿಗಿಂತ ದೊಡ್ಡ ಅಪರಾಧಿ ಗದ್ದಲ.

ನಮ್ಮ ಕನ್ನಡದಲ್ಲೂ ಒಬ್ಬ ಗೂಢಚಾರ ಇದ್ದ. ದೊರೆ-ಭಗವಾನ್ ಜೋಡಿ ರಾಜ್‌ಕುಮಾರ್ ಅವರನ್ನು ಸಿಐಡಿ 999 ಮಾಡಿ 1968ರಲ್ಲಿ 'ಜೇಡರ ಬಲೆ' ತಂದರು. ಅದೇ ವರ್ಷ 'ಗೋವಾದಲ್ಲಿ ಸಿಐಡಿ 999' ಬಂತು, ಮರುವರ್ಷ ಜಾಕ್‌ಪಾಟ್, 1978ರಲ್ಲಿ ಡೈಮಂಡ್ ರಾಕೆಟ್. ಪುರಾಣ ಪುರುಷನಾಗಿ ಕಿರೀಟ ತೊಟ್ಟಿದ್ದ ರಾಜ್ ಕೈಯಲ್ಲಿ ಪಿಸ್ತೂಲು ಹಿಡಿದದ್ದೇ ಆಗಿನ ದೊಡ್ಡ ಸಾಹಸ. ಆ ಸಿನಿಮಾಗಳ ಹಿಂದೆ ಬ್ರಿಟಿಷರ ದುಡ್ಡಿನ ಚೀಲ ಇರಲಿಲ್ಲ. ಬೆಟ್ಟದಿಂದ ಹಾರಿಸಲು ಆಗುತ್ತಿರಲಿಲ್ಲ, ಬಾಗಿಲ ಸಂದಿಯಲ್ಲಿ ಒಂದು ನೆರಳು ತೋರಿಸಿ ಜಿ. ಕೆ. ವೆಂಕಟೇಶ್ ಅವರ ವಾದ್ಯಗಳಿಗೆ ಕೆಲಸ ಒಪ್ಪಿಸುತ್ತಿದ್ದರು. ಅಮ್ಮ ಈಗಲೂ ಆ ಸಿನಿಮಾಗಳ ಹೆಸರೆತ್ತಿದರೆ ಸೆರಗು ಬಿಗಿಹಿಡಿಯುತ್ತಾಳೆ. ಅವಳಿಗೆ ಅದು ನಕಲಿ ಪಿಸ್ತೂಲು ಎಂದು ಹೇಳಿ ನೋಡಿ!

"ನಿಜವಾಗಿ ಮಾಡಬೇಕು" ಎಂಬ ಮಾತಿಗೆ ನಾನು ಹೆದರಲು ಇನ್ನೊಂದು ಕಾರಣವಿದೆ, ಅದು ನಮ್ಮ ಹತ್ತಿರದ್ದೇ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಕನ್ನಡ ಸಿನಿಮಾವೊಂದರ ಕ್ಲೈಮ್ಯಾಕ್ಸ್ ಚಿತ್ರೀಕರಣ. ಹೆಲಿಕಾಪ್ಟರಿನಿಂದ ನೀರಿಗೆ ಜಿಗಿದ ಅನಿಲ್ ಮತ್ತು ಉದಯ್ ಎಂಬ ಇಬ್ಬರು ನಟರು ಮುಳುಗಿ ತೀರಿಕೊಂಡರು. ಟಿವಿಯಲ್ಲಿ ಆ ಜಿಗಿತವನ್ನು ಮತ್ತೆ ಮತ್ತೆ ತೋರಿಸಿದರು. ಅವರು ನೀರಿನಲ್ಲಿ ಕೈ ಬಡಿಯುವುದನ್ನು ನಾನೂ ನೋಡಿದೆ, ಎರಡನೇ ಸಲ ನೋಡಲಾಗದೆ ಎದ್ದು ಹೋದೆ. ಅದಕ್ಕಿಂತ ನಿಜವಾದ ಸಾಹಸ ದೃಶ್ಯ ಕನ್ನಡದಲ್ಲಿ ಇಲ್ಲ. ಅದು ಯಾರಿಗೆ ಬೇಕಿತ್ತು?

ಬಾಂಡ್ ಮನೆಯಲ್ಲೂ ಎಲ್ಲ ಸಲ ಸ್ಕೀ ಸವರಿಕೊಂಡು ಹೋಗಲಿಲ್ಲ. 1983ರ 'ಆಕ್ಟೋಪಸ್ಸಿ'ಯಲ್ಲಿ ಉದಯಪುರದ ಆಟೋ ಓಟವನ್ನು, ಟೆನಿಸ್ ಆಟಗಾರ ವಿಜಯ್ ಅಮೃತರಾಜ್ ತಮ್ಮ ಟೆನಿಸ್ ರಾಕೆಟ್ಟಿನಿಂದ ಹೊಡೆಯುವುದನ್ನು ನಾವು ನಕ್ಕು ನೆನೆಯುತ್ತೇವೆ. ಅದೇ ಸಿನಿಮಾದ ರೈಲಿನ ದೃಶ್ಯ ಇಂಗ್ಲೆಂಡಿನಲ್ಲಿ ನಡೆಯುವಾಗ, ಬೋಗಿಯ ಪಕ್ಕಕ್ಕೆ ಜೋತುಬಿದ್ದಿದ್ದ ಸಾಹಸ ಕಲಾವಿದ ಮಾರ್ಟಿನ್ ಗ್ರೇಸ್ ಗೋಡೆಗೆ ಬಡಿದು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿದರು. ಅದಕ್ಕೂ ಮೊದಲಿನ ಬಾಂಡ್ ಸಿನಿಮಾದ ಚಿತ್ರೀಕರಣದಲ್ಲಿ, ಇಟಲಿಯ ಹಿಮದಲ್ಲಿ, ಒಬ್ಬ ತರುಣ ಸಾಹಸ ಕಲಾವಿದ ಸತ್ತೇಹೋದ. ಈಗ ತಂತಿ ಕಟ್ಟಿ ಹಾರಿಸಿ ಆಮೇಲೆ ತಂತಿಯನ್ನು ಕಂಪ್ಯೂಟರಿನಲ್ಲಿ ಅಳಿಸುತ್ತಾರೆ ಎಂದರೆ ಸಂತೋಷ. ತಂತಿ ಅಳಿಸಲಿ. ಅದರ ಮೇಲೆ ನೂರು ಡೋಲು ಬಾರಿಸಬೇಡಿ, ಸೆಕೆಂಡಿಗೊಂದು ಸಲ ಕ್ಯಾಮೆರಾ ಬದಲಾಯಿಸಬೇಡಿ ಎಂದಷ್ಟೇ ನನ್ನ ಬೇಡಿಕೆ.

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ಚಿಕ್ಕಪ್ಪನಿಗೆ ಈಗ ಎಂಬತ್ತರ ಹತ್ತಿರ, ಬಲಗಿವಿಗೆ ಯಂತ್ರ ಬಂದಿದೆ. ಜಗುಲಿಯಲ್ಲಿ ಅವರ ಪಕ್ಕ ಕೂತು ಮೊಬೈಲಿನಲ್ಲಿ ಆ ದೃಶ್ಯ ಹಾಕಿದೆ. ಬಂಡೆಯ ಅಂಚು ಬಂತು, ಹಳದಿ ಉಡುಪಿನವನು ದಾಟಿದ, ಸಂಗೀತ ನಿಂತಿತು. ಚಿಕ್ಕಪ್ಪನ ಕೈ ಮೆಲ್ಲಗೆ ಮೇಲೆದ್ದು ಕಿವಿಯ ಯಂತ್ರಕ್ಕೆ ಬೆರಳಿನಿಂದ ಎರಡು ಏಟು ಕೊಟ್ಟಿತು.

ನಾನು ನಗು ತಡೆದುಕೊಂಡು ವಿಷಯವೆಲ್ಲ ಹೇಳಿದೆ: ಕೆನಡಾ, ಐದು ಲಕ್ಷ ಡಾಲರ್, ತಪ್ಪಿಸಿಕೊಂಡ ಕ್ಯಾಮೆರಾ, ಪ್ಯಾರಾಚೂಟ್ ಸವರಿದ ಸ್ಕೀ. ಅವರು ಇನ್ನೊಮ್ಮೆ ಹಾಕು ಎಂದರು. ಈ ಸಲ ಕನ್ನಡಕ ಹಣೆಗೇರಿಸಿ, ಮೊಬೈಲನ್ನು ಮೂಗಿನ ಹತ್ತಿರ ಹಿಡಿದು, ಹಾರಿದವನನ್ನು ಬಿಟ್ಟು ಕಾಲಿನಿಂದ ಕಳಚಿದ್ದನ್ನೇ ನೋಡುತ್ತಿದ್ದರು.

"ಆ ಹಲಗೆಗಳನ್ನು ಆಮೇಲೆ ಯಾರಾದರೂ ಹೋಗಿ ಎತ್ತಿಕೊಂಡು ಬಂದರೋ ಇಲ್ಲವೋ?" ಎಂದರು.

ಗೊತ್ತಿಲ್ಲ ಎಂದೆ.

"ಒಳ್ಳೆಯ ಹಲಗೆ ಕಣೋ" ಎಂದು ಮೊಬೈಲ್ ವಾಪಸ್ ಕೊಟ್ಟರು.