ಸಿಆರ್‌ಪಿ ಎಷ್ಟು ಬಂತು ಸಾರ್?

ನವೆಂಬರ್ 14 ನೆಹರೂ ಹುಟ್ಟಿದ ದಿನ. ಇನ್ಸುಲಿನ್ ಖ್ಯಾತಿಯ ಬ್ಯಾಂಟಿಂಗ್ ಹುಟ್ಟಿದ್ದೂ ಅವತ್ತೇ. ಹಾಗಾಗಿ ಬೆಂಗಳೂರಿನ ಬಡಾವಣೆಗಳಲ್ಲಿ ಮಕ್ಕಳ ದಿನ, ಮಧುಮೇಹ ದಿನ ಎರಡೂ ಒಂದೇ ಶಾಮಿಯಾನದಲ್ಲಿ ಮುಗಿಯುತ್ತವೆ. ಮಕ್ಕಳಿಗೆ ತರಿಸಿದ ಮೈಸೂರುಪಾಕು ಮಿಕ್ಕರೆ ಶುಗರ್‌ನವರಿಗೆ. ‘ಖಾಲಿ ಹೊಟ್ಟೆಯಲ್ಲಿ ಬನ್ನಿ’ ಅಂದ ಬ್ಯಾನರನ್ನು ನಂಬಿ ಆರೂವರೆಗೇ ಬಂದವರು ಹತ್ತೂವರೆವರೆಗೆ ಪ್ಲಾಸ್ಟಿಕ್ ಕುರ್ಚಿ ಬಿಸಿ ಮಾಡಬೇಕು. ಮುಖ್ಯ ಅತಿಥಿಗಳು ದೀಪ ಹಚ್ಚುವ ತನಕ ಯಾರಿಗೂ ಸೂಜಿ ಚುಚ್ಚುವಂತಿಲ್ಲ.

ಬರೀ ಶುಗರ್ ನೋಡುವ ಕಾಲ ಹೋಯಿತು. ಈಗ ‘ಹೃದಯ ಕಾಳಜಿ ಪ್ಲಾಟಿನಂ’ ಪ್ಯಾಕೇಜು, ಅದರ ಕಿರೀಟದಲ್ಲಿ ಹೈ ಸೆನ್ಸಿಟಿವಿಟಿ ಸಿಆರ್‌ಪಿ, ಅಂದರೆ ದೇಹದೊಳಗಿನ ಉರಿಯೂತವನ್ನು ರಕ್ತದಲ್ಲಿ ಅಳೆಯುವ ಪರೀಕ್ಷೆ. ಗೋಲ್ಡ್ ತಗೊಂಡವರಿಗೆ ಇದಿಲ್ಲ. ಅವರ ಹೃದಯಕ್ಕೆ ಅಷ್ಟು ಕಾಳಜಿ ಸಾಕು.

ಪರೀಕ್ಷೆಯನ್ನು ಬೈಯುವಂತಿಲ್ಲ, ಪಾಪ. ಹೊಟ್ಟೆಯ ಬೊಜ್ಜು ಸುಮ್ಮನೆ ಕೂತಿರುವುದಿಲ್ಲ, ಇಂಟರ್‌ಲ್ಯೂಕಿನ್-6ನಂಥ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತಿರುತ್ತದೆ. ಅದರ ಕರೆಗೆ ಲಿವರ್ ಸಿಆರ್‌ಪಿ ಎಂಬ ಪ್ರೋಟೀನು ತಯಾರಿಸುತ್ತದೆ. ಟೈಪ್ 2 ಮಧುಮೇಹದಲ್ಲಿ ಈ ಉರಿಯೂತ ವರ್ಷಗಟ್ಟಲೆ ಸಣ್ಣಗೆ ನಡೆದು ರಕ್ತನಾಳಗಳನ್ನು ಕೆಡಿಸುತ್ತದೆ. ಸಿಆರ್‌ಪಿ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಹೃದಯದ ಅಪಾಯ ಕಡಿಮೆ, 3 ದಾಟಿದರೆ ಹೆಚ್ಚು ಅನ್ನುವುದು ವೈದ್ಯರ ಲೆಕ್ಕ. ಆದರೆ ಸಿಆರ್‌ಪಿ ಬೀದಿನಾಯಿಯ ಜಾತಿಯದು: ಕಳ್ಳನಿಗೂ ಬೊಗಳುತ್ತದೆ, ಪೋಸ್ಟ್‌ಮ್ಯಾನಿಗೂ ಬೊಗಳುತ್ತದೆ. 10 ದಾಟಿತೆಂದರೆ ಮೊದಲು ಸೋಂಕೋ ಗಾಯವೋ ಇದೆಯಾ ನೋಡಿ, ವಾಸಿಯಾದ ಮೇಲೆ ಮತ್ತೆ ಪರೀಕ್ಷಿಸಬೇಕು. ಶಾಮಿಯಾನದಲ್ಲಿ ‘ನೆಗಡಿ ಇದೆಯಾ?’ ಎಂದು ಕೇಳುವವರಿಲ್ಲ. ‘ಯುಪಿಐ ಇದೆಯಾ?’ ಎಂದು ಕೇಳುತ್ತಾರೆ.

ರಿಪೋರ್ಟು ವಾಟ್ಸ್ಆ್ಯಪ್‌ಗೆ ಬಂದ ಮರುದಿನ ಪಾರ್ಕಿನ ಕಲ್ಲುಬೆಂಚಿನ ಮೇಲೆ ಎಸ್ಸೆಸ್ಸೆಲ್ಸಿ ಫಲಿತಾಂಶ.

“ನಂದು 2.8. ನಿಮ್ದು?”

“4.6 ಕಣ್ರೀ. ನಮ್ಮನೇಲಿ ಎಲ್ರಿಗೂ ಜಾಸ್ತಿನೇ.”

“ನಂದು 18” ಅಂದರು ಮೂರನೆಯವರು, ಕೆನ್ನೆ ಹಿಡಿದುಕೊಂಡೇ.

ಬೆಂಚು ಗಪ್‌ಚುಪ್. ಒಬ್ಬರು ಆಂಜಿಯೋಗ್ರಾಮ್ ಅಂದರು, ಇನ್ನೊಬ್ಬರು ವಿಲ್ ಬರೆಸಿಡಿ ಅಂದರು. ಆ ಕೆನ್ನೆಯೊಳಗೆ ದವಡೆ ಹಲ್ಲು ಕೀವಾಗಿ ಬಾತಿರುವುದು ಬೆಂಚಿನಲ್ಲಿ ಯಾರಿಗೂ ಹೊಳೆಯಲಿಲ್ಲ. ಪ್ಲಾಟಿನಂನಲ್ಲಿ ಹಲ್ಲು ಬರುವುದಿಲ್ಲವಲ್ಲ.

ತಮಾಷೆಯೆಂದರೆ, ಮಧುಮೇಹ ಇದ್ದು ನಲವತ್ತು ದಾಟಿದವರಲ್ಲಿ ಹೆಚ್ಚಿನವರಿಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಕೊಡಲು ಸಿಆರ್‌ಪಿಯ ಅಪ್ಪಣೆಯೇ ಬೇಕಿಲ್ಲ. ಆ ಮಾತ್ರೆಯನ್ನು ಈ ಬೆಂಚಿನವರು ‘ಲಿವರ್ ಹೋಗುತ್ತೆ’ ಅನ್ನುವ ಫಾರ್ವರ್ಡ್ ಓದಿ ಬಿಟ್ಟಿದ್ದಾರೆ. ಬದಲಿಗೆ, ಶಾಮಿಯಾನದ ಪಕ್ಕದ ಮೇಜಿನಲ್ಲಿ ಮಾರುತ್ತಿದ್ದ ಅರಿಶಿನದ ಕ್ಯಾಪ್ಸೂಲು. ಅಡುಗೆಮನೆಯ ಅರಿಶಿನಕ್ಕೆ ಎಕ್ಸ್‌ಪೈರಿ ಡೇಟ್ ಇಲ್ಲದ್ದರಿಂದ ಅದು ಕೆಲಸ ಮಾಡುವುದಿಲ್ಲವಂತೆ.

ಇಂಜೆಕ್ಷನ್ ಕೊಟ್ಟು ಉರಿಯೂತ ಇಳಿಸಿದರೆ ಹೃದಯಾಘಾತ ಕಡಿಮೆಯಾಗುತ್ತದೆ ಎಂದು 2017ರಲ್ಲಿ ಕ್ಯಾಂಟೋಸ್ ಪ್ರಯೋಗ ಹತ್ತು ಸಾವಿರ ಜನರಲ್ಲಿ ತೋರಿಸಿತು; ಕೊಲೆಸ್ಟ್ರಾಲ್ ಇದ್ದಲ್ಲೇ ಇತ್ತು. ಆ ಇಂಜೆಕ್ಷನ್ನಿನ ಬೆಲೆ ಕೇಳಿದರೆ ಇಳಿದ ಅಪಾಯ ಮತ್ತೆ ಏರುತ್ತದೆ. ಆಮೇಲೆ ಗೌಟ್ ಎಂಬ ಕೀಲುನೋವಿನವರ ಹಳೇ ಮಾತ್ರೆ ಕೊಲ್ಚಿಸಿನ್‌ನಿಂದಲೂ ಲಾಭ ಕಂಡು, 2023ರಲ್ಲಿ ಅಮೆರಿಕ ಹೃದಯಕ್ಕೂ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಪ್ರಕಟವಾದ ಐಸಿಎಂಆರ್ ಸಮೀಕ್ಷೆ, ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ ಅಂದಿತು. ಓದಿದ ಸರ್ಕಾರಕ್ಕೆ ಅದು ರೋಗಿಗಳ ಸಂಖ್ಯೆ. ಪ್ಯಾಕೇಜಿನವರಿಗೆ ಬೋಣಿ.

ಸಂಘಟಕರೊಬ್ಬರಿಗೆ ನಾನೂ ಒಂದು ಸಲಹೆ ಕೊಟ್ಟೆ: “ಒಂದು ಟೈಲರ್ ಟೇಪ್ ಇಟ್ಕೊಳ್ಳಿ. ಸೊಂಟ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದ್ರೆ ಒಳಗೇನು ನಡೀತಿದೆ ಅಂತ ಅರ್ಧ ಅಲ್ಲೇ ಗೊತ್ತಾಗುತ್ತೆ. ಖರ್ಚೂ ಇಲ್ಲ.”

ಅವರು ವೇದಿಕೆಯತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು. “ಬೇಡ ಸಾರ್. ಟೇಪ್ ತೆಗೆದ್ರೆ ಮುಖ್ಯ ಅತಿಥಿಗಳಿಂದ್ಲೇ ಶುರು ಮಾಡ್ಬೇಕಾಗುತ್ತೆ.”