ವೈಟ್‌ಫೀಲ್ಡಿನ ವಯಸ್ಸನ್ನು 1882ರಿಂದ ಲೆಕ್ಕ ಹಾಕಬೇಡಿ

ನಮ್ಮ ತಾತ ನೀರಗಂಟಿಯಾಗಿದ್ದರು. ಕೆರೆಯ ತೂಬು, ಅಂದರೆ ಗದ್ದೆಗೆ ನೀರು ಬಿಡುವ ಬಾಗಿಲು, ಯಾವಾಗ ಎತ್ತಬೇಕು, ಎಷ್ಟು ಹೊತ್ತು ಬಿಡಬೇಕು, ಯಾರ ಗದ್ದೆಗೆ ಮೊದಲು, ಯಾರಿಗೆ ಆಮೇಲೆ, ಇದನ್ನೆಲ್ಲ ನೋಡಿಕೊಳ್ಳುವ ಕೆಲಸ ಅದು. ಸಂಬಳ ಅಂತ ಏನಿರಲಿಲ್ಲ. ಸುಗ್ಗಿಯಲ್ಲಿ ಕಣದಲ್ಲೇ ಪ್ರತಿ ಮನೆಯವರೂ ಇಷ್ಟು ಅಂತ ಭತ್ತ ಅಳೆದು ಕೊಡುತ್ತಿದ್ದರು. ಮಳೆ ಹಿಡಿದ ರಾತ್ರಿ ತಾತ ಮಲಗುತ್ತಲೇ ಇರಲಿಲ್ಲವಂತೆ. ಲಾಟೀನು ಹಿಡಿದುಕೊಂಡು ಏರಿ ಮೇಲೆ ಆ ಕಡೆಯಿಂದ ಈ ಕಡೆಗೆ ನಡೆಯುವುದು, ಎಲ್ಲಾದರೂ ನೀರು ಜಿನುಗುತ್ತಿದೆಯಾ ನೋಡುವುದು, ಕೆರೆ ತುಂಬಿ ಕೋಡಿ ಹೋದರೆ ಓಡಿಬಂದು ಊರಿಗೆ ಹೇಳುವುದು. ಕೋಡಿ ಹೋದ ದಿನ ನಮ್ಮ ಹಳ್ಳಿಗೆ ಹಬ್ಬ.

ಹಳ್ಳಿ ಅಂದೆ. ಈಗ ಅದು ಬೆಂಗಳೂರಿನ ಪೂರ್ವ ಅಂಚಿನ ವೈಟ್‌ಫೀಲ್ಡಿನ ಮಗ್ಗುಲಲ್ಲಿರುವ, ವರ್ತೂರು ಹೋಬಳಿಗೆ ಸೇರಿದ, ಹದಿನೈದು ಅಂತಸ್ತಿನ ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಕೊಂಡಿರುವ ನಾಲ್ಕು ಬೀದಿ.

ಇದನ್ನೆಲ್ಲ ಈಗ ಬರೆಯಲು ಕಾರಣ ಇದೆ. ನಮ್ಮ ಕಡೆಯ ಚರಿತ್ರೆಯನ್ನು ಜನ ಎರಡೇ ರೀತಿಯಲ್ಲಿ ಹೇಳುತ್ತಾರೆ. ಒಂದು, ಐಟಿ ಬರುವ ಮುಂಚೆ ಇಲ್ಲಿ ಏನೂ ಇರಲಿಲ್ಲ, ಬರೀ ಖಾಲಿ ಜಾಗ ಅಂತ. ಇನ್ನೊಂದು, ಸ್ವಲ್ಪ ಓದಿಕೊಂಡವರು ಹೇಳುವುದು: ಇದು 1882ರಲ್ಲಿ ಆಂಗ್ಲೋ ಇಂಡಿಯನ್ನರಿಗಾಗಿ, ಅಂದರೆ ಯುರೋಪಿಯನ್ ಮತ್ತು ಭಾರತೀಯ ಮಿಶ್ರ ಮೂಲದವರಿಗಾಗಿ, ಕಟ್ಟಿದ ಊರು ಅಂತ. ಮೊದಲನೆಯದು ಪೂರ್ತಿ ತಪ್ಪು. ಎರಡನೆಯದು ನಿಜ, ಆದರೆ ಅದು ಕಥೆಯ ನಡುಭಾಗ. ನಡುವಿನಿಂದ ಶುರು ಮಾಡಿದ್ದಕ್ಕೇ ಇವತ್ತಿನ ನಮ್ಮ ನೀರಿನ ಪಾಡು ಯಾಕೆ ಹೀಗಾಯಿತು ಅನ್ನುವುದು ಯಾರಿಗೂ ಅರ್ಥವಾಗುತ್ತಿಲ್ಲ ಅಂತ ನನ್ನ ಅನಿಸಿಕೆ.

ವೈಟ್‌ಫೀಲ್ಡಿನ ಪಕ್ಕದ ಕಾಡುಗೋಡಿಯ ಶಿವನ ಗುಡಿಯಲ್ಲಿ ಚೋಳರ ಕಾಲದ ಒಂದು ತಮಿಳು ಶಾಸನ ಇದೆ. ಕ್ರಿ.ಶ. 1043ರದ್ದು. ಪಟ್ಟಂದೂರಿಗೆ ಕೆರೆ ಕಟ್ಟಿಸಿದ್ದು, ಅದಕ್ಕೆ ತೂಬು ಇಡಿಸಿದ್ದು, ಜೊತೆಗೆ ದೇವರುಗಳನ್ನು ಪ್ರತಿಷ್ಠೆ ಮಾಡಿಸಿದ್ದು ಅದರಲ್ಲಿ ಬರೆದಿದೆ. ಪಟ್ಟಂದೂರು ಅಂದರೆ ಇವತ್ತು ಐಟಿಪಿಎಲ್ ಅನ್ನುವ ದೊಡ್ಡ ಟೆಕ್ ಪಾರ್ಕು ನಿಂತಿರುವ ಪಟ್ಟಂದೂರು ಅಗ್ರಹಾರ. ಸುಮಾರು ಸಾವಿರ ವರ್ಷದ ಹಿಂದೆ ಇಲ್ಲಿಯವರು ಕಲ್ಲಿನಲ್ಲಿ ಕೆತ್ತಿಸಿ ಉಳಿಸಿಕೊಳ್ಳಬೇಕು ಅಂದುಕೊಂಡ ಸುದ್ದಿ, ಊರಿಗೆ ನೀರಿನ ವ್ಯವಸ್ಥೆ ಆಯಿತು ಅನ್ನುವುದು. ನಾನು ಆ ಕಲ್ಲಿನ ಮುಂದೆ ನಿಂತಾಗ ತಾತನ ಲಾಟೀನು ನೆನಪಾಗಿ ಕಣ್ಣು ತುಂಬಿತು. ಆ ತೂಬಿನಿಂದ ತಾತ ಎತ್ತುತ್ತಿದ್ದ ತೂಬಿನವರೆಗೆ ಒಂದೇ ಕಸುಬು ನಡೆದುಕೊಂಡು ಬಂದಿದೆ.

ನಮ್ಮ ಸೀಮೆಯಲ್ಲಿ ಹೊಳೆ ಅಂತ ಹೇಳಿಕೊಳ್ಳುವಂಥದ್ದು ಇಲ್ಲ. ಮಳೆ ನೀರು ಹಿಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅದಕ್ಕೇ ಒಂದು ಕೆರೆಯ ಕೋಡಿ ನೀರು ಕಾಲುವೆ ಹಿಡಿದು ಇನ್ನೊಂದು ಕೆರೆಗೆ, ಅಲ್ಲಿಂದ ಮತ್ತೊಂದಕ್ಕೆ ಇಳಿಯುವಂತೆ ಸರಪಳಿ ಕಟ್ಟಿದರು. ಹೂಡಿ, ನಲ್ಲೂರುಹಳ್ಳಿ, ಕುಂದಲಹಳ್ಳಿ, ವರ್ತೂರು, ಯಾವ ಹಳ್ಳಿಯ ಹೆಸರು ಹೇಳಿದರೂ ಅದಕ್ಕೊಂದು ಕೆರೆ ಅಂಟಿಕೊಂಡೇ ಇರುತ್ತದೆ. ಕೆಳಗೆ ಕೆರೆ ನೀರು ಹರಿಯುವ ಅಚ್ಚುಕಟ್ಟಿನಲ್ಲಿ ಭತ್ತ, ಮೇಲಿನ ಹೊಲದಲ್ಲಿ ರಾಗಿ, ಅವರೆ. ಕೆರೆ ತುಂಬಿದರೆ ಸುತ್ತಲಿನ ಬಾವಿಗಳಲ್ಲೂ ನೀರು ಏರುತ್ತಿತ್ತು. ಬೇಸಿಗೆಯಲ್ಲಿ ಊರಿನವರೆಲ್ಲ ಇಳಿದು ಹೂಳು ತೆಗೆದು ಹೊಲಕ್ಕೆ ಹೊಡೆಯುತ್ತಿದ್ದರು. ಇದು ಈ ಊರಿನ ಮೊದಲ ಸೌಲಭ್ಯ.

ಆಮೇಲೆ ಬಂದದ್ದು 1882. ಅದರ ಹಿಂದಿನ ವರ್ಷವಷ್ಟೇ ಬ್ರಿಟಿಷರು ಮೈಸೂರು ರಾಜ್ಯವನ್ನು ಒಡೆಯರಿಗೆ ವಾಪಸ್ಸು ಕೊಟ್ಟಿದ್ದರು. ಡಿ.ಎಸ್. ವೈಟ್ ಅನ್ನುವವರು ಕಟ್ಟಿದ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘ ತಮ್ಮ ಜನ ಬೇಸಾಯ ಮಾಡಿಕೊಂಡು ಸ್ವಂತ ಕಾಲ ಮೇಲೆ ನಿಲ್ಲಲಿ ಅಂತ ಜಮೀನು ಕೇಳಿತು. ಹತ್ತನೇ ಚಾಮರಾಜೇಂದ್ರ ಒಡೆಯರು 3,900 ಎಕರೆ ಕೊಟ್ಟರು. ವೈಟ್‌ಫೀಲ್ಡ್ ಮತ್ತು ಸಾಸ್‌ಮಂಡ್ ಅಂತ ವಸಾಹತುಗಳಾದವು. ಸಾಸ್‌ಮಂಡ್ ಹೆಸರು ಇವತ್ತು ಹೆಚ್ಚು ಜನಕ್ಕೆ ಗೊತ್ತಿಲ್ಲ. ವೈಟ್‌ಫೀಲ್ಡಿನಲ್ಲಿ ನಡುವೆ ದುಂಡಗೆ ಒಂದು ಬಯಲು ಬಿಟ್ಟು, ಸುತ್ತ ಮನೆಗಳಿಗೆ ಜಾಗ ಗುರುತು ಮಾಡಿದರು. ಇನ್ನರ್ ಸರ್ಕಲ್ ಅಂತ ಇವತ್ತಿಗೂ ಕರೆಯುವುದು ಅದನ್ನೇ. ಹಳೆಯ ಹೆಂಚಿನ ಮನೆಗಳು ಕೆಲವು ಇನ್ನೂ ನಿಂತಿವೆ, ಮರಗಳ ನೆರಳಿದೆ. ಹೋಗಿ ಒಂದು ಸುತ್ತು ನಡೆದು ಬನ್ನಿ.

ಆ ಜನರ ಬಗ್ಗೆ ನನಗೆ ಗೌರವ ಇದೆ. ಅತ್ತ ಬ್ರಿಟಿಷರಿಗೂ ಬೇಡವಾಗಿ, ಇತ್ತ ನಮ್ಮವರಿಗೂ ಸೇರದೆ, ನಮ್ಮದು ಅಂತ ಒಂದು ಊರು ಬೇಕು ಅಂತ ಹೊರಟವರು. ಆದರೆ ಗುಮಾಸ್ತಿಕೆ, ರೈಲ್ವೆ ಕೆಲಸ ಮಾಡಿದ ಕೈಗೆ ಈ ಕೆಂಪು ಮಣ್ಣು ಸುಲಭಕ್ಕೆ ಒಗ್ಗಲಿಲ್ಲ. 1864ರಿಂದಲೇ ಜೋಲಾರಪೇಟೆ ರೈಲು ಈ ಕಡೆ ಓಡುತ್ತಿತ್ತು. ಹುಡುಗರು ಅದೇ ರೈಲು ಹತ್ತಿ ಕೋಲಾರದ ಚಿನ್ನದ ಗಣಿಗೆ, ರೈಲ್ವೆ ನೌಕರಿಗೆ ಹೊರಟರು. ಸ್ವಾತಂತ್ರ್ಯ ಬಂದ ಮೇಲೆ ಎಷ್ಟೋ ಕುಟುಂಬಗಳು ಇಂಗ್ಲೆಂಡು, ಆಸ್ಟ್ರೇಲಿಯಾ ಕಡೆ ಹೋದವು. ಉಳಿದವರು ವಯಸ್ಸಾದವರು. ಹೀಗೆ ನೂರು ವರ್ಷ ವೈಟ್‌ಫೀಲ್ಡ್ ಒಂದು ತಣ್ಣನೆಯ, ಸಣ್ಣ ಊರಾಗಿಯೇ ಇತ್ತು. ಅಪ್ಪ ಹುಡುಗನಾಗಿದ್ದಾಗ ಅಲ್ಲಿಗೆ ಸೈಕಲ್ಲಿನಲ್ಲಿ ಹಾಲು ಹಾಕಿ ಬರುತ್ತಿದ್ದರಂತೆ.

ಇದೇ ಹೊತ್ತಿಗೆ ಬೆಂಗಳೂರಿನ ಆ ಕಡೆ ಏನಾಯಿತು ಅನ್ನುವುದನ್ನೂ ನೋಡಿ. 1896ಕ್ಕೆ ಹೆಸರಘಟ್ಟದಿಂದ ಪೇಟೆಗೆ ನಲ್ಲಿ ನೀರು ಬಂತು. 1898ರಲ್ಲಿ ಪ್ಲೇಗ್ ಬಂದು ಪೇಟೆಯ ಇಕ್ಕಟ್ಟು ಗಲ್ಲಿಗಳಲ್ಲಿ ಜನ ಸತ್ತಾಗ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೇಗ ಬೇಗ ಮೇಲೆದ್ದವು. ಅಗಲ ರಸ್ತೆ, ಚರಂಡಿ, ಮನೆಗಳ ಹಿಂದೆ ಕಸ ಸಾಗಿಸಲು ಸಣ್ಣ ಓಣಿ, ಇವೆಲ್ಲ ನಕ್ಷೆಯಲ್ಲೇ ಇದ್ದವು. ಸಾವಿನ ಭಯ ಕಲಿಸಿದ ಪಾಠ ಅದು: ಮನುಷ್ಯ ಬಂದು ಕೂರುವ ಮುಂಚೆ ಅವನ ನೀರು ಎಲ್ಲಿಂದ ಬರಬೇಕು, ಕೊಳೆ ಎಲ್ಲಿಗೆ ಹೋಗಬೇಕು ಅನ್ನುವುದು ತೀರ್ಮಾನವಾಗಿರಬೇಕು.

ನಮ್ಮ ಕಡೆ ಅದು ಪೂರ್ತಿ ತಿರುವುಮುರುವಾಯಿತು.

1994ರಲ್ಲಿ ಸಿಂಗಪುರದವರು, ಟಾಟಾ, ರಾಜ್ಯ ಸರ್ಕಾರ ಸೇರಿ ಐಟಿಪಿಎಲ್ ಟೆಕ್ ಪಾರ್ಕಿನ ಕೆಲಸಕ್ಕೆ ಕೈ ಹಾಕಿದರು. ಬೇಲಿಯ ಒಳಗೆ ಎಲ್ಲವೂ ಇತ್ತು. ಕರೆಂಟು ಹೋಗಬಾರದು ಅಂತ ಸ್ವಂತ ವಿದ್ಯುತ್ ಘಟಕವನ್ನೇ ಹಾಕಿಕೊಂಡರು. ಬೇಲಿಯ ಹೊರಗೆ ನಮ್ಮ ಹಳ್ಳಿ ರಸ್ತೆ, ನಮ್ಮ ಕೊಳವೆಬಾವಿ, ಪಂಚಾಯ್ತಿಯ ಬೀದಿ ದೀಪ. ಕೆಲಸ ಬಂತು, ಅದನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ನನ್ನ ತಂಗಿಯೇ ಅಲ್ಲಿ ಕೆಲಸ ಮಾಡಿ ಮನೆ ಕಟ್ಟಿಸಿದಳು. 2001ರಲ್ಲಿ ಸತ್ಯಸಾಯಿ ಆಸ್ಪತ್ರೆ ಶುರುವಾಯಿತು. ದುಡ್ಡಿಲ್ಲದವರಿಗೂ ಹೃದಯದ ಆಪರೇಷನ್ ಆಗುವ ಜಾಗ ನಮ್ಮ ಪಕ್ಕದಲ್ಲೇ ಬಂದದ್ದು ಸಣ್ಣ ಮಾತಲ್ಲ. ಆದರೆ ಆಫೀಸಿನ ಬೆನ್ನಿಗೆ ಬಂದ ಅಪಾರ್ಟ್‌ಮೆಂಟುಗಳಿಗೆ ನೀರು ಎಲ್ಲಿಂದ ಅನ್ನುವ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ನೆಲ ಕೊರೆದರೆ ಬರುತ್ತದೆ ಅನ್ನುವುದೇ ಉತ್ತರವಾಗಿತ್ತು.

ಅಚ್ಚುಕಟ್ಟಿನ ಗದ್ದೆ ಸೈಟಾದ ದಿನವೇ ನೀರಗಂಟಿಯ ಕೆಲಸ ಮುಗಿಯಿತು. ತೂಬು ಎತ್ತಿದರೂ ನೀರು ಹೋಗಲು ಕೆಳಗೆ ಗದ್ದೆ ಇಲ್ಲ. ಗದ್ದೆ ಇಲ್ಲದ ಮೇಲೆ ಕಾಲುವೆ ಯಾರಿಗೆ ಬೇಕು? ಅದರ ಮೇಲೆ ರಸ್ತೆ ಬಂತು, ಕಾಂಪೌಂಡ್ ಬಂತು. ಕಾಲುವೆ ಮುಚ್ಚಿದ ಮೇಲೆ ಕೆರೆಗೆ ಮಳೆ ನೀರು ಬರಲಿಲ್ಲ, ಬಂದದ್ದು ಬಚ್ಚಲ ನೀರು. ಇದರಲ್ಲಿ ನಮ್ಮ ಪಾಲೂ ಇದೆ. ಗದ್ದೆ ಮಾರಿದವರು ನಾವೇ. ಅಪ್ಪನೂ ಅರ್ಧ ಎಕರೆ ಮಾರಿದರು, ಅಕ್ಕನ ಮದುವೆಗೆ. ಬೆಳೆಗೆ ಬೆಲೆ ಇಲ್ಲದ ವರ್ಷ ಅದು. ಅವರನ್ನು ನಾನು ದೂರಲಾರೆ.

ವರ್ತೂರು ಕೆರೆಯ ನೊರೆಯನ್ನು ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ. ಗಾಳಿ ಬೀಸಿದಾಗ ಬಿಳಿ ಮುದ್ದೆ ಮುದ್ದೆಯಾಗಿ ರಸ್ತೆಗೆ ಹಾರಿ ಸ್ಕೂಟರಿನವರ ಮೈಮೇಲೆ ಬೀಳುತ್ತಿತ್ತು. ಬೆಳ್ಳಂದೂರು ಕೆರೆ ದಾಟಿ ಬರುವ ಆ ನೀರು ನಗರದ ಕೊಳಚೆ. ಲೆಕ್ಕ ಹಾಕಿ ನೋಡಿ. ಕಾವೇರಿ ನೀರು ಬೆಂಗಳೂರಿಗೆ ಬಂದದ್ದು 1974ರಲ್ಲಿ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದರು. ನಾವೂ ನಗರದವರಾದೆವು, ನಗರದ ತೆರಿಗೆ ಕಟ್ಟಿದೆವು. ಆ 110 ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ಕ್ಕೆ. ನಗರ ಕುಡಿದ ನೀರಿನ ಕೊಳಚೆ ನಮ್ಮ ಕೆರೆಗೆ ಮೊದಲು ಬಂತು. ನಗರ ಕುಡಿಯುವ ನೀರು ನಮ್ಮ ಮನೆಗೆ ಬರಲು ಅಲ್ಲಿಂದ ಎಷ್ಟೋ ವರ್ಷ ಬೇಕಾಯಿತು.

ಅದೇ 2024ರ ಬೇಸಿಗೆ ನೆನೆಸಿಕೊಂಡರೆ ಈಗಲೂ ಗಂಟಲು ಒಣಗುತ್ತದೆ. ನಮ್ಮ ಬೀದಿಯ ಮೂರು ಕೊಳವೆಬಾವಿಯೂ ನಿಂತವು. ಟ್ಯಾಂಕರಿನವರು ಫೋನ್ ಎತ್ತುತ್ತಿರಲಿಲ್ಲ, ಎತ್ತಿದರೆ ಹೇಳಿದ್ದೇ ರೇಟು. ನೀರಗಂಟಿಯ ಸೊಸೆ, ಎಪ್ಪತ್ತು ದಾಟಿದ ನಮ್ಮಮ್ಮ, ಎರಡು ಕೊಡ ಹಿಡಿದು ರಾತ್ರಿ ಹತ್ತು ಗಂಟೆಗೆ ಟ್ಯಾಂಕರಿನ ಸಾಲಿನಲ್ಲಿ ನಿಂತಿದ್ದರು. ಆ ದಿನ ನನಗೆ ಆದ ಸಂಕಟ ಹೇಳತೀರದು.

ಈಗ ನಲ್ಲಿ ಬಂದಿದೆ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರಿನಷ್ಟು ದೂರ, ನಡುವೆ ಹಾರೋಹಳ್ಳಿ, ತಾತಗುಣಿಯಲ್ಲಿ ಮತ್ತೆ ಮತ್ತೆ ಪಂಪು ಮಾಡಿ, ಇಷ್ಟು ಎತ್ತರದ ಊರಿಗೆ ದಿನಕ್ಕೆ 77.5 ಕೋಟಿ ಲೀಟರ್ ತರುವ ಯೋಜನೆ. ಅದನ್ನು ಮಾಡಿದ ಎಂಜಿನಿಯರುಗಳಿಗೂ ಕೂಲಿಯವರಿಗೂ ಕೈ ಮುಗಿಯುತ್ತೇನೆ. ಮೆಟ್ರೋ ಕೂಡ ಬಂತು. 2023ರ ಮಾರ್ಚಿನಲ್ಲಿ ಕೆ.ಆರ್. ಪುರದವರೆಗೆ, ಅಕ್ಟೋಬರಿನಲ್ಲಿ ನಡುವಿನ ತುಂಡೂ ಸೇರಿ ಚಲ್ಲಘಟ್ಟದವರೆಗೆ. ಅಮ್ಮನನ್ನು ಮೊದಲ ಸಲ ಮೆಜೆಸ್ಟಿಕ್‌ಗೆ ಕರೆದುಕೊಂಡು ಹೋದಾಗ ಕಿಟಕಿಯಿಂದ ಕಣ್ಣು ಕೀಳಲಿಲ್ಲ.

ಆದರೆ ನನ್ನ ಭಯ ಇಲ್ಲಿಂದ ಶುರುವಾಗುತ್ತದೆ. ನಲ್ಲಿ ಬಂದ ಮೇಲೆ ಕೆರೆ ಯಾಕೆ ಬೇಕು ಅನ್ನುವ ಮಾತು ಈಗಾಗಲೇ ಕಿವಿಗೆ ಬೀಳುತ್ತಿದೆ. ಕೆರೆ ಅಂದರೆ ವಾಕಿಂಗ್ ಟ್ರ್ಯಾಕು, ಬೆಂಚು, ಬೇಲಿ ಅನ್ನುವಷ್ಟಕ್ಕೆ ಬಂದು ನಿಂತಿದ್ದೇವೆ. ಕಾವೇರಿ ಕಣಿವೆಯಲ್ಲಿ ಮಳೆ ಕೈಕೊಟ್ಟ ವರ್ಷ ಮಂಡ್ಯದ ರೈತನ ಗದ್ದೆಗೂ ನಮ್ಮ ಅಪಾರ್ಟ್‌ಮೆಂಟಿನ ಸಂಪಿಗೂ ಒಂದೇ ಹೊಳೆ. ಆಗ ನಮ್ಮ ನೆಲದಡಿಯಲ್ಲಿ ಸ್ವಲ್ಪವಾದರೂ ನೀರು ಇರಬೇಕಾದರೆ ಕೆರೆಗೆ ಮಳೆ ನೀರು ಸೇರಬೇಕು. ಸೇರಬೇಕಾದರೆ ಕಾಲುವೆ ತೆರೆದಿರಬೇಕು. ಕೊಳಚೆಗೆ ಬೇರೆ ದಾರಿ ಇರಬೇಕು. ಒಳಚರಂಡಿ ಕೆಲಸ ಪ್ರತಿ ಮನೆಗೂ ಮುಟ್ಟುವವರೆಗೆ ಕೆರೆ ಸುತ್ತ ಎಷ್ಟು ಹೂಗಿಡ ನೆಟ್ಟರೂ ಪ್ರಯೋಜನ ಇಲ್ಲ.

ಪಟ್ಟಂದೂರು ಕೆರೆ ಜಾಗ ಉಳಿಸಲು ಊರಿನವರೂ ಫ್ಲಾಟಿನವರೂ ಒಟ್ಟಿಗೆ ಬೀದಿಗೆ ಇಳಿದದ್ದು ನನಗೆ ದೊಡ್ಡ ಧೈರ್ಯ. ಎಲ್ಲೆಲ್ಲಿಂದಲೋ ಬಂದು ಇಲ್ಲಿ ಮನೆ ಮಾಡಿದವರು, ನಮ್ಮಷ್ಟೇ ಈ ಊರಿನವರು. 1882ರಲ್ಲಿ ಬಂದವರೂ ಹಾಗೆಯೇ ಬಂದವರಲ್ಲವೇ.

ನಾನೀಗ ನಮ್ಮ ಹೋಬಳಿಯ ಹಳೆಯ ಗ್ರಾಮ ನಕ್ಷೆಗಳನ್ನು ಒಂದೊಂದಾಗಿ ತೆಗೆಸುತ್ತಿದ್ದೇನೆ. ಅದರಲ್ಲಿ ಕೆರೆ, ಕಾಲುವೆ, ಬೇಸಾಯದ ಲೆಕ್ಕಕ್ಕೆ ಸೇರದ ಖರಾಬು ಜಮೀನು ಎಲ್ಲವೂ ಗೆರೆ ಎಳೆದು ಗುರುತು ಮಾಡಿದೆ. ಭಾನುವಾರ ಬೆಳಿಗ್ಗೆ ಅದನ್ನು ಹಿಡಿದುಕೊಂಡು ನಡೆಯುವುದು, ಯಾವ ಕಾಲುವೆ ಈಗ ಯಾವ ಗೇಟಿನ ಅಡಿಯಲ್ಲಿದೆ ಅಂತ ಬರೆದುಕೊಳ್ಳುವುದು. ಇಲ್ಲಿಯವರೆಗೆ ಎರಡು ಹಳ್ಳಿಯದ್ದು ಮುಗಿದಿದೆ. ಜೊತೆಗೆ ನಡೆಯಲು ಬರುವವರು ಬನ್ನಿ. ಮನೆಯಲ್ಲಿ 1990ಕ್ಕೆ ಮುಂಚಿನ ಫೋಟೋ ಇದ್ದರೆ, ಹಿಂದೆ ಕೆರೆ ಏರಿಯೋ ತೂಬೋ ಸ್ವಲ್ಪ ಕಂಡರೂ ಸಾಕು, ನನಗೆ ಕಳಿಸಿ. ತೂಬು ಎಲ್ಲಿತ್ತು ಅಂತ ಬಲ್ಲ ಹಿರಿಯರು ನಮ್ಮೂರಲ್ಲಿ ಈಗ ಮೂರೇ ಜನ ಉಳಿದಿದ್ದಾರೆ.